ಜಟ್ಟಪ್ಪ ತಾಂಡೇಲ ಗುರುತು ಹಿಡಿದು ಹಿಲ್ಲೂರಿಗೆ ಹೋದದ್ದು

“ಕಾರವಾರದಿಂದ ಅಂಕೋಲೆ ತನಕ ನಂಗೆ ಗೊತ್ತಿಲ್ಲದ ಜಾಗ ಇನ್ನೂ ಹುಟ್ಲಿಲ್ಲ ಮಾಸ್ತರ್ರೆ. ಆ ಮೇಲಿನ ಉಪಗ್ರಹಕ್ಕೆ ಏನಾರೂ ಅನುಮಾನ ಬಂದ್ರೆ ಅದೇ ಕೆಳಗೆ ಬಗ್ಗಿ ನನ್ನ ಕೇಳ್ಬೇಕು!”

ಜಟ್ಟಪ್ಪ ತಾಂಡೇಲ ಈ ಮಾತನ್ನು ನನ್ನ ಜಗಲಿಯ ಮೇಲೆ ಕೂತು ಎಷ್ಟು ಸಲ ಹೇಳಿದ್ದಾನೆಂದರೆ, ನಾನು ಮನೆಯಲ್ಲಿ ಇಲ್ಲದಾಗ ಜಗಲಿಯೇ ಅದನ್ನು ಒಪ್ಪಿಸುತ್ತದೆ. ಕೋಡಿಬಾಗದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ಬೇಲಿ ಇದೆ, ಆದರೆ ಅವನ ಗಂಟಲಿಗೆ ಅದು ಲೆಕ್ಕಕ್ಕಿಲ್ಲ. ಅವನು ಅಡುಗೆಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರೆ ಕಾಳಿ ನದಿಯ ಆಚೆ ದಂಡೆಯವರು “ಆಂ, ಎಂತಾ ಅಂದ್ರಿ?” ಎಂದು ಕೇಳುತ್ತಾರೆ.

ಇಂಥ ಮನುಷ್ಯ ಒಂದೇ ಒಂದು ವಿಷಯದಲ್ಲಿ ಮೂಕ. ಅದು ಗುರುತಿನ ವಿಷಯ.

ಅರ್ಧ ಆಯುಷ್ಯ ಅವನು ಮೀನುಗಾರಿಕೆ ಬೋಟಿನ ತಾಂಡೇಲನಾಗಿದ್ದ. ಚುಕ್ಕಾಣಿ ಹಿಡಿದು ಬೋಟು ನಡೆಸುವವನೇ ತಾಂಡೇಲ. ಎಲ್ಲಿ ಮೀನು ಸಿಕ್ಕಿತು, ಎಲ್ಲಿ ಬಂಡೆಗೆ ಬಲೆ ಹರಿಯಿತು ಎಂಬುದನ್ನೆಲ್ಲ ಅವನು ಬೋಟಿನ ಜಿಪಿಎಸ್ ಪೆಟ್ಟಿಗೆಯಲ್ಲಿ ಗುರುತು ಹಾಕಿಡುತ್ತಾನೆ. ಆ ಗುರುತನ್ನು ಯಾವ ತಾಂಡೇಲನೂ ಇನ್ನೊಬ್ಬನಿಗೆ ಬಿಟ್ಟುಕೊಡುವುದಿಲ್ಲ. ಕೇಳಿದರೆ ಕಿಡ್ನಿ ಬೇಕಾದರೆ ಕೊಟ್ಟಾನು. ಪಕ್ಕದ ಬೋಟಿನವನು ಬೆಂಕಿಪೆಟ್ಟಿಗೆ ಕೇಳಿಕೊಂಡು ಬಂದರೂ ಜಟ್ಟಪ್ಪ ಮೊದಲು ಜಿಪಿಎಸ್ ಪೆಟ್ಟಿಗೆಯ ಮೇಲೆ ಟವೆಲ್ ಹೊದೆಸುತ್ತಿದ್ದ. ಅಷ್ಟೂ ಸಾಲದೆಂದು ಗುರುತನ್ನು ನಿಜವಾದ ಜಾಗಕ್ಕಿಂತ ಅರ್ಧ ಮೈಲು ತೆಂಕಕ್ಕೆ ಸರಿಸಿ ಹಾಕುತ್ತಿದ್ದ. ಕದ್ದವನು ತೆಂಕಕ್ಕೆ ಬಲೆ ಬಿಡಲಿ, ತಾನು ಮಾತ್ರ ಮನಸ್ಸಿನಲ್ಲೇ ಅರ್ಧ ಮೈಲು ಕಳೆದು ಬಡಗಕ್ಕೆ ಹೋಗಿ ಮೀನು ತುಂಬಿಕೊಳ್ಳಬೇಕು, ಇದು ಅವನ ಲೆಕ್ಕ. ನೀರಿನ ಮೇಲೆ ಅರ್ಧ ಮೈಲೆಂದರೆ ಒಂದು ಬೀಡಿ ಸೇದುವಷ್ಟು ದೂರ.

ಬೆನ್ನು ಕೈಕೊಟ್ಟ ಮೇಲೆ ಜಟ್ಟಪ್ಪ ಸಮುದ್ರ ಬಿಟ್ಟ. ಬೈಕಿನ ಹಿಂದೆ ಮಂಜುಗಡ್ಡೆ ತುಂಬಿದ ಮೀನಿನ ಪೆಟ್ಟಿಗೆ ಕಟ್ಟಿ ಒಳನಾಡಿನ ಕೇರಿಗಳಿಗೆ ವ್ಯಾಪಾರಕ್ಕೆ ಹೊರಟ. ನೆಲದ ಮೇಲೆ ಬಂದ ಮೊದಲ ದಿನವೇ, ಕೂಗಿದರೆ ಕೇಳುವಷ್ಟು ಹತ್ತಿರದ ಕದ್ವಾಡದಲ್ಲಿ ದಾರಿ ತಪ್ಪಿಸಿಕೊಂಡು ಒಂದೇ ಅರಳಿಕಟ್ಟೆಗೆ ಎಷ್ಟು ಸುತ್ತು ಹಾಕಿದನೆಂದರೆ, ಯಾವುದೋ ಹರಕೆ ಇರಬೇಕೆಂದು ಒಬ್ಬ ಅಜ್ಜಿ ಬಂದು ಕೈಮುಗಿದಳಂತೆ.

ಆಗ ಬಂತು ಟ್ಯಾಬು. ಮಗಳು ವಿನುತಾ ಕಾಲೇಜು ಮುಗಿಸಿ ಬಿಟ್ಟುಹೋದದ್ದು. ಫೋನಿನ ಅಕ್ಷರ ಅವನ ಕಣ್ಣಿಗೆ ಇರುವೆ ಸಾಲಿನಂತೆ ಕಾಣುತ್ತಿದ್ದುದರಿಂದ, ಟ್ಯಾಬಿನ ನಕ್ಷೆಯಲ್ಲೇ ಗಿರಾಕಿಗಳ ಮನೆಗಳಿಗೆಲ್ಲ ಗುರುತು ಹಾಕಿಕೊಂಡು, ಅದನ್ನು ಬಲೆಯ ಹಗ್ಗದಲ್ಲಿ ಹ್ಯಾಂಡಲಿಗೆ ಬಿಗಿದ. ಲೈಟು ಮರೆಯಾಯಿತು, ಸ್ಪೀಡಿನ ಮುಳ್ಳು ಮರೆಯಾಯಿತು, ಎದುರಿಗೆ ಬಂದವರಿಗೆ ಜಟ್ಟಪ್ಪನೂ ಮರೆಯಾದ. ಹೆದ್ದಾರಿಯಲ್ಲಿ ಲಾರಿಗಳು ಸಿನೆಮಾ ಟಾಕೀಸೇ ಎದುರಿಗೆ ಬರುತ್ತಿದೆ ಎಂದು ಬದಿಗೆ ಸರಿದು ನಿಲ್ಲುತ್ತಿದ್ದವು.

ಅವನ ವ್ಯಾಪಾರದ ಜೀವವೆಲ್ಲ ಹಿಲ್ಲೂರಿನ ಮಂಗಲಕ್ಕನ ಕೇರಿಯಲ್ಲಿತ್ತು. ಮಂಗಲಕ್ಕ ಬಂಗಡೆ ತೆಗೆದುಕೊಂಡರೆ ಕೇರಿಗೆ ಕೇರಿಯೇ ಬಂಗಡೆ ತಿನ್ನುತ್ತದೆ, ಆಕೆ ಮೂಗು ಮುರಿದರೆ ಬೆಕ್ಕೂ ಮೂಸುವುದಿಲ್ಲ. ಈಚೆಗೆ ಆಕೆ ಊರಿನ ಇನ್ನೊಂದು ತುದಿಯ ಹೊಸ ಮನೆಗೆ ಹೋಗಿದ್ದಳು. ಜಟ್ಟಪ್ಪ ಒಂದೇ ಒಂದು ಸಲ ಆಕೆಯ ಬೆನ್ನು ಹಿಡಿದು ಅಲ್ಲಿಗೆ ಹೋಗಿ, ಆ ಮನೆಯ ಗುರುತನ್ನೂ ಟ್ಯಾಬಿನಲ್ಲಿ ಹಾಕಿಕೊಂಡು ಬಂದಿದ್ದ. ನಮ್ಮ ಓಣಿಯ ಕೇಶವ, ಟೆಂಪೋ ಇಟ್ಟುಕೊಂಡು ಮೀನು ಮಾರುವವನು, ಆ ಕೇರಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ. ಆಗಲೇ ಮಂಗಲಕ್ಕನ ಫೋನು ಬಂತು. ಹಡಗಿನಲ್ಲಿ ಕೆಲಸಕ್ಕಿರುವ ತಮ್ಮ ರಜೆಗೆ ಬರುತ್ತಾನೆ, ಇಸೋಣ ಮೀನು ಬೇಕು, ಮಧ್ಯಾಹ್ನದ ಊಟದ ಹೊತ್ತಿಗೆ ಅದು ಸಾರಿನಲ್ಲಿ ಬೆಂದಿರಬೇಕು.

“ಹೊತ್ತು ಮೀರಿ ಬಂದ್ರೆ ಆ ಬದಿಂದ ಆ ಬದಿಗೇ ಹೋಗಾ ಜಟ್ಟಪ್ಪಾ. ಕೇಶವ ದಿನಾ ಫೋನ್ ಮಾಡ್ತೇ ಇದ್ದ.”

ಹೀಗೆ ಆ ಬೆಳಿಗ್ಗೆ ಜಟ್ಟಪ್ಪನ ಹೆಂಡತಿ ಮಾದೇವಿ ಬೇಲಿಯ ಹತ್ತಿರ ಬಂದಳು. “ಮಾಸ್ತರ್ರೆ, ನೀವೊಂಚೂರು ಹಿಂದೆ ಕೂತ್ಕಣಿ. ದಾರಿ ಸಿಗ್ದೇ ಇದ್ರೂ ಬೈಯೂಕೆ ಒಂದು ಜನ ಅಂತ ಇರ್ಲಿ.”

ನಾನು ಜಟ್ಟಪ್ಪನ ಬೆನ್ನಿಗೂ ಮಂಜುಗಡ್ಡೆಯ ಪೆಟ್ಟಿಗೆಗೂ ನಡುವೆ ಕೂತೆ. ಮುಂದೆ ಅವನ ಬೆವರು, ಹಿಂದೆ ಹಿಮಾಲಯ. ಬಿಣಗಾ ದಾಟುವಷ್ಟರಲ್ಲಿ ನನ್ನ ಬೆನ್ನು ಯಾರದೆಂದು ನನಗೇ ತಿಳಿಯದಾಯಿತು.

ಟ್ಯಾಬಿನೊಳಗಿನ ಹೆಂಗಸು ಅಂಕೋಲೆಯವರೆಗೆ ಚೆನ್ನಾಗಿಯೇ ಮಾತಾಡಿದಳು. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಬಿಸಿಲಿಗೆ ಟ್ಯಾಬು ಕಾದು ಪರದೆ ಕಪ್ಪಾಯಿತು. ಜಟ್ಟಪ್ಪ ಹಗ್ಗ ಬಿಚ್ಚಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಸೋಣದ ಮಗ್ಗುಲಲ್ಲಿ ಮಲಗಿಸಿದ. ಟ್ಯಾಬಿಗೆ ಜೀವ ಬಂದ ಮೇಲೆ ಮೀನಿನ ನೀರು ಮೆತ್ತಿದ ಬೆರಳಿಂದ ಮುಟ್ಟಿದ್ದಕ್ಕೆ ನಕ್ಷೆ ಸರ್ರನೆ ಜಾರಿ ಅರಬ್ಬೀ ಸಮುದ್ರ ದಾಟಿ ಮಸ್ಕತ್ ತೋರಿಸಿತು.

“ಅಲ್ಲಿಗೆ ಹೋಗೂಕೆ ಪೆಟ್ರೋಲ್ ಸಾಕಾ ನೋಡು,” ಎಂದೆ.

“ಸುಮ್ನಿರಿ ಮಾಸ್ತರ್ರೆ, ಮೊದ್ಲೇ ತಲೆ ಕೆಟ್ಟದೆ.”

ಯಾರನ್ನಾದರೂ ಕೇಳೋಣವೆಂದರೆ ಜಟ್ಟಪ್ಪ ಬೇಡವೆಂದ. ಮಂಗಲಕ್ಕನಿಗೆ ಫೋನು ಮಾಡೋಣವೆಂದರೆ ಆ ಕಾಡಿನಲ್ಲಿ ಸಿಗ್ನಲ್ ಇಲ್ಲ. ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಡಾಂಬರು ಮುಗಿದು ಜಲ್ಲಿ ಬಂತು, ಜಲ್ಲಿ ಮುಗಿದು ಕೆಸರು ಬಂತು, ಕೊನೆಗೆ ಒಂದು ಆಳೆತ್ತರದ ಹುತ್ತದ ಎದುರಿಗೆ ಟ್ಯಾಬಿನ ಹೆಂಗಸು ಸಮಾಧಾನದಿಂದ ಹೇಳಿದಳು: “ನೀವು ತಲುಪಬೇಕಾದ ಸ್ಥಳ ಬಂದಿದೆ.”

ಹುತ್ತದ ಆಚೆ ಒಂದು ಟೆಂಪೋ ಕೆಸರಿನಲ್ಲಿ ಹೂತು ನಿಂತಿತ್ತು. ಅದರ ಚಕ್ರದ ಅಡಿಗೆ ಸೊಪ್ಪು ತುರುಕುತ್ತಿದ್ದವನು ತಲೆ ಎತ್ತಿದ. ಕೇಶವ!

“ನೀ ಇಲ್ಲೆಂತಾ ಮಾಡ್ತೀಯಾ?” ಜಟ್ಟಪ್ಪ ಗುಡುಗಿದ. ಮರದಿಂದ ಒಂದೆರಡು ಹಕ್ಕಿ ಹಾರಿದವು.

ಕೇಶವ ಕೈ ಒರೆಸಿಕೊಂಡ. “ಮಂಗಲಕ್ಕನ ಮನೆ ಹುಡುಕ್ತೆ. ಮೊನ್ನೆ ಚಾ ಅಂಗಡೀಲಿ ನೀ ಟ್ಯಾಬ್ ಬಿಟ್ಟು ಎದ್ದು ಹೋದೆ. ನಾ ಸ್ವಲ್ಪ ಇಣುಕಿದೆ. ಅಷ್ಟೇಯಾ.”

ಜಟ್ಟಪ್ಪ ಸಿಟ್ಟಾಗುತ್ತಾನೆ ಎಂದುಕೊಂಡೆ. ಅವನು ಬೈಕಿನಿಂದಿಳಿದು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಕಂಡ್ರಾ ಮಾಸ್ತರ್ರೆ! ಕಳ್ಳ ಬಂದು ಹುತ್ತಕ್ಕೆ ಬಿದ್ದ! ಗಿರಾಕಿಗಳ ಗುರುತೆಲ್ಲಾ ನಾ ಸರ್ಸೇ ಹಾಕೂದು. ಒಂದೇ ಒಂದು ಮನೆ ಸರಿ ಇಲ್ಲ! ನಂಗೆ ಟೋಪಿ ಹಾಕೂಕೆ ಬಂದವ ಈಗ ಹಾವಿಗೆ ಬಂಗಡೆ ಮಾರಾ!”

ಅವನ ನಗು ತುಸು ಇಳಿಯಲಿ ಎಂದು ಕಾದು ಕೇಳಿದೆ: “ಹಾಗಾದ್ರೆ ನಾವು ಯಾಕೆ ಇಲ್ಲಿದ್ದೇವೆ ಜಟ್ಟಪ್ಪಾ?”

ನಗು ಅರ್ಧಕ್ಕೇ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಸಮುದ್ರದಲ್ಲಿ ಮನಸ್ಸಿನಲ್ಲೇ ಅರ್ಧ ಮೈಲು ಕಳೆಯುತ್ತಿದ್ದವನು, ನೆಲದ ಮೇಲೆ ಆ ಹೆಂಗಸು “ಎಡಕ್ಕೆ ತಿರುಗಿ” ಎಂದ ಕೂಡಲೇ ಕಳೆಯುವುದನ್ನೇ ಮರೆತು ತಿರುಗಿದ್ದ.

“ನೀನೂ ಇಲ್ಲೇ ಬಂದ್ಯಲಾ ತಾಂಡೇಲಾ!” ಎಂದು ಕೇಶವ ಟೆಂಪೋಗೆ ಒರಗಿಕೊಂಡು ತನ್ನ ಸರದಿಯ ನಗು ನಕ್ಕ.

ನಾನು ಜಟ್ಟಪ್ಪನನ್ನು ಪಕ್ಕಕ್ಕೆ ಎಳೆದೆ. “ಯಾವ ದಿಕ್ಕಿಗೆ ಸರಿಸಿದ್ದೆ? ತೆಂಕಕ್ಕೇ ಅಲ್ವಾ?”

“ಮೊದ್ಲು ತೆಂಕಕ್ಕೇ. ಆಮೇಲೆ ಇಂವಗೆ ಅನುಮಾನ ಬಂತು ಕಾಣ್ತದೆ ಅಂತ ಕೆಲವು ಮೂಡಕ್ಕೆ ಹಾಕ್ದೆ. ಕೆಲವು... ತಡೀರಿ ಮಾರಾಯ್ರೆ, ಸಮುದ್ರ ಕಾಣೂದಿಲ್ಲ, ಮೂಡ ಯಾವ ಬದಿಗೆ ಅಂತ ಹೇಗೆ ಹೇಳೂದು!”

ಪೆಟ್ಟಿಗೆಯ ನೀರು ಈಗ ತೊಟ್ಟಿಕ್ಕುವುದನ್ನು ಬಿಟ್ಟು ಧಾರೆಯಾಗಿ ಇಳಿಯುತ್ತಿತ್ತು. ಒಳಗೆ ಮಂಜುಗಡ್ಡೆ ಇನ್ನು ಹೆಸರಿಗೆ ಮಾತ್ರ. ಸೂರ್ಯ ನೆತ್ತಿಗೆ ಹತ್ತಿರ ಬಂದಿದ್ದ.

ಆ ಹೊತ್ತಿಗೆ ದೇವರು ಕಳಿಸಿದಂತೆ ಬೀರಾ ಎಂಬ ರೈತ ತಲೆಯ ಮೇಲೆ ದರಕು ಹೊತ್ತುಕೊಂಡು ಬಂದ. ಒಣಗಿದ ಎಲೆಗಳ ಆ ಹೊರೆಯ ಅಡಿಯಿಂದಲೇ ಕೇಳಿದ: “ಯಾರ ಮನ್ಗೆ ಹೋಗುಕಾಗಿತ್ತು?”

ಜಟ್ಟಪ್ಪ ಕೇಶವನನ್ನು ನೋಡಿದ, ಆಕಾಶ ನೋಡಿದ, ಹುತ್ತವನ್ನೂ ನೋಡಿದ.

“ಕೇಳೋ ಮಾರಾಯಾ!” ನನ್ನ ತಾಳ್ಮೆ ಮಂಜುಗಡ್ಡೆಗಿಂತ ಮೊದಲೇ ಕರಗಿತ್ತು. “ಮೀನು ಹಾಳಾದ್ರೆ ಹಿಲ್ಲೂರೂ ಹೋಯ್ತು, ನಿನ್ನ ಗುರುತೂ ಹೋಯ್ತು!”

“ಇವನ ಎದುರಿಗೆ ಹೇಗೆ ಕೇಳೂದು ಮಾಸ್ತರ್ರೆ? ಇಷ್ಟು ವರ್ಷದಾಗೆ ಒಬ್ಬಂಗೆ ಒಂದು ಗುರುತು ಕೊಟ್ಟವ ಅಲ್ಲ ನಾನು.”

ಕಡೆಗೆ ಬೀರಾನನ್ನು ಹುತ್ತದ ಹಿಂದಕ್ಕೆ ಕರೆದೊಯ್ದ. ಬೀರಾ ಹೊರೆ ಇಳಿಸಿ, ಇದೇನು ಕಳ್ಳಸಾಗಣೆಯೋ ಎಂಬ ಗಾಬರಿಯಲ್ಲಿ, ಅವನ ಕಿವಿಯಲ್ಲಿ ಮೆಲ್ಲಗೆ ದಾರಿ ಹೇಳಿದ. ಜಟ್ಟಪ್ಪ ಖಾತ್ರಿಗೆಂದು ಒಮ್ಮೆ ಅದನ್ನು ತಿರುಗಿ ಹೇಳಿಕೊಂಡ. ಪಿಸುಮಾತಿನಲ್ಲೇ, ಅಂದರೆ ಅವನ ಪಿಸುಮಾತಿನಲ್ಲಿ.

“ಕಿರು ಸೇತುವೆ ದಾಟಿ, ಗೇರು ಹಕ್ಕಲು ಸುತ್ತಿ, ನೀಲಿ ಬಣ್ಣದ ಮನೆ! ಕಾಲುದಾರೀಲಿ ಹೋದ್ರೆ ಇಲ್ಲೇ ದಿಬ್ಬದ ಹಿಂದೆ!”

ಹಿಲ್ಲೂರಿನ ಕಾಡಿನಲ್ಲಿ ಇದನ್ನು ಕೇಳದ ಪ್ರಾಣಿ ಉಳಿದಿರಲಾರದು. ಕೇಶವ ಆಗಲೇ ಟೆಂಪೋದಿಂದ ಬುಟ್ಟಿ ಇಳಿಸಿ ತಲೆಗೇರಿಸಿಕೊಂಡು ದಿಬ್ಬದ ಕಡೆಗೆ ಓಡುತ್ತಿದ್ದ.

ನಾವು ಬೈಕು ಹತ್ತಿದೆವು. ಕೆಸರಿನಲ್ಲಿ ಒಮ್ಮೆ ಉರುಳಿದೆವು. ಗೇರು ಮರಗಳ ಆ ಹಕ್ಕಲು ಸುತ್ತುವಾಗ ಟ್ಯಾಬಿನ ಹೆಂಗಸು ಬೆನ್ನು ಬಿಡದೆ “ದಯವಿಟ್ಟು ಹಿಂತಿರುಗಿ, ದಯವಿಟ್ಟು ಹಿಂತಿರುಗಿ” ಎಂದು ಹುತ್ತದ ಕಡೆಗೇ ಕರೆಯುತ್ತಿದ್ದಳು. ಜಟ್ಟಪ್ಪ ಟವೆಲ್ ತೆಗೆದು ಅವಳ ಮುಖಕ್ಕೆ ಹೊದೆಸಿದ.

ನೀಲಿ ಮನೆಯ ಅಂಗಳದಲ್ಲಿ ಕೇಶವ ಮಜ್ಜಿಗೆ ಕುಡಿಯುತ್ತ ಕೂತಿದ್ದ. ಮಂಗಲಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಒಳಗೆ ತಮ್ಮನ ಊಟ ನಡೆದಿತ್ತು, ಕೇಶವ ತಂದ ಬಂಗಡೆಯಲ್ಲಲ್ಲ, ಹೊತ್ತು ಮೀರಿತೆಂದು ಆಕೆಯೇ ಮಾಡಿದ ಮೊಟ್ಟೆ ಸಾರಿನಲ್ಲಿ.

“ಹಡಗಿನಾಗೂ ಮೊಟ್ಟೆ, ಅಕ್ಕನ ಮನೇಲೂ ಮೊಟ್ಟೆ,” ಎಂದು ಒಳಗಿಂದ ಗೊಣಗಿದ್ದು ಕೇಳಿತು.

ಮಂಗಲಕ್ಕ ಪೆಟ್ಟಿಗೆ ತೆರೆಸಿ ಇಸೋಣದ ಕಿವಿರು ಎತ್ತಿ ನೋಡಿದಳು. ಕೆಂಪು ಇನ್ನೂ ಉಳಿದಿತ್ತು. “ರಾತ್ರಿಗಾತದೆ, ಇಡು. ಆದ್ರೆ ಇನ್ನು ಮುಂದೆ ಒಂದು ವಾರ ನೀನು, ಒಂದು ವಾರ ಇಂವ. ನಿನ್ನೊಬ್ಬನ್ನೇ ನಂಬ್ಕಂಡು ನಮ್ಮ ಕೇರಿ ಮೊಟ್ಟೆ ತಿನ್ನೂಕಾಗೂದಿಲ್ಲ.”

ಹೀಗೆ ಹಿಲ್ಲೂರು ಅರ್ಧಕ್ಕರ್ಧ ಹೋಯಿತು. ಕೇಶವ ಮಜ್ಜಿಗೆಯ ಲೋಟ ಕೆಳಗಿಟ್ಟು, ಟೆಂಪೋ ಎಳೆಯಲು ಒಂದು ಕೈ ಕೊಡುತ್ತೀಯಾ ಎಂದು ಕೇಳಿದ. ಜಟ್ಟಪ್ಪ ಬಾಯ್ತುಂಬ ಬೈದ. ಬೈಯುತ್ತಲೇ ಹೋಗಿ ಎಳೆದುಕೊಟ್ಟ.

ವಾಪಸು ಬರುವಾಗ ಅಂಕೋಲೆ ದಾಟಿ ಸಮುದ್ರದ ಗಾಳಿ ತಾಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ಒದ್ದೆ ಅಂಗಿ ಬೆನ್ನಿಂದ ಬಿಡಿಸಿಕೊಳ್ಳುತ್ತ ಕೇಳಿಯೇಬಿಟ್ಟೆ:

“ಅಲ್ಲಾ ತಾಂಡೇಲಾ, ಉಪಗ್ರಹ ಕೆಳಗೆ ಬಗ್ಗಿ ನಿನ್ನನ್ನೇ ಕೇಳ್ಬೇಕು ಅಂತಿದ್ದೆ. ಇವತ್ತು ಅದು ಕೇಳ್ಲಿಲ್ವಾ?”

ಜಟ್ಟಪ್ಪ ಹಿಂತಿರುಗಿ ನೋಡಲಿಲ್ಲ.

“ಕೇಳೂದು ಅದು ಯಾವಾಗ್ಲೋ ಕೇಳಿತ್ತು ಮಾಸ್ತರ್ರೆ. ನಾನೇ ಸುಳ್ಳು ಹೇಳಿ ಕಳ್ಸಿದ್ದೆ.”