ನನ್ನ ಗಂಡ ತೋರಿಸುವ ಪಿಜ್ಜಾ ಅಂಗಡಿ

ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ, ದೂರುತ್ತಿದ್ದೇನೆ. ಇಪ್ಪತ್ತಾರು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದಾರೆ. ಹತ್ತಿರದ ಜಾಗವಾದರೆ 'ನಡೆದೇ ಹೋಗಿ ಸಾರ್, ಐದು ನಿಮಿಷ' ಎಂದು ತಾವೇ ಹೇಳಿ ಗಿರಾಕಿಯನ್ನು ಕಳೆದುಕೊಳ್ಳುತ್ತಾರೆ. ಯಾರೋ ಸೀಟಿನಲ್ಲಿ ಬಿಟ್ಟುಹೋದ ಕೊಡೆ ಹಿಡಿದು ಊರೆಲ್ಲ ಸುತ್ತುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಹೊಲಿದುಕೊಟ್ಟ ಅಂಗಿ ಹಾಕಿಕೊಂಡರು. ಹೇಗಿದೆ ಎಂದು ಆಸೆಯಿಂದ ಕೇಳಿದರೆ 'ಎಡತೋಳು ಗಿಡ್ಡ' ಅಂದರು. ಗಿಡ್ಡವೇ ಇತ್ತು, ಬಿಡಿ. ಆದರೂ ನಾನು ಮೂರು ದಿನ ಮಾತು ಬಿಟ್ಟಿದ್ದೆ.

ಇಂಥ ಮನುಷ್ಯನ ಕೈಲಿ ನಾನು ಒಂಬತ್ತು ವರ್ಷ ದಿನಾ ಸುಳ್ಳು ಹೇಳಿಸಿದೆ. ಅದೂ ಪಿಜ್ಜಾಕ್ಕಾಗಿ.

ನನಗೊಬ್ಬ ತಮ್ಮ. ಅಮ್ಮ ತೀರಿಕೊಂಡಾಗ ಅವನಿಗೆ ಮೂರು ವರ್ಷ, ನನಗೆ ಹದಿನಾರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆರದೆಯೇ ಮುದ್ದು ಮಾಡಿದವಳು. ಬೆಳೆದ ಮೇಲೆ ಅವನು ಕೈ ಹಾಕಿದ್ದೆಲ್ಲ ಮಣ್ಣಾಯಿತು. ಜೆರಾಕ್ಸ್ ಅಂಗಡಿ ಇಟ್ಟ, ಎದುರಿಗಿದ್ದ ಆಫೀಸೇ ಬೇರೆ ಬೀದಿಗೆ ಎದ್ದುಹೋಯಿತು. ಬಣ್ಣದ ಮೀನು ಮಾರಲು ಹೊರಟ, ಎರಡು ದಿನ ಕರೆಂಟ್ ಹೋಗಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಆಮೇಲೆ ಆರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಕರೆದರೆ ತಿರುಗುತ್ತಿರಲಿಲ್ಲ. ಒಂದು ಬೆಳಿಗ್ಗೆ ತಾನೇ ಎದ್ದು ಕೂತು, "ಅಕ್ಕ, ಪಿಜ್ಜಾ ಅಂಗಡಿ ಇಡ್ತೀನಿ" ಅಂದ. ಕಲ್ಲು ಹುರಿದು ಮಾರುತ್ತೇನೆ ಅಂದಿದ್ದರೂ ನಾನು ಹೂಂ ಅನ್ನುತ್ತಿದ್ದೆ.

ಅಂಗಡಿ ತೆರೆದ ದಿನ ಇವರನ್ನು ಒಳಗೆ ಹಿಟ್ಟಿನ ಮೂಟೆಗಳ ಹತ್ತಿರ ಕರೆದು ಹೇಳಿದೆ.

"ರೈಲಿಳಿದು ಬಂದೋರು ಮೊದಲು ಕೇಳೋದು ನಿಮ್ಮನ್ನೇ. ಊರಲ್ಲಿ ಒಳ್ಳೇ ಪಿಜ್ಜಾ ಎಲ್ಲಿ ಅಂತ ಯಾರೇ ಕೇಳ್ಲಿ, ಇಲ್ಲಿಗೇ ಕರ್ಕೊಂಡು ಬರ್ಬೇಕು. ಬೇರೆ ಅಂಗಡಿ ಹೆಸರು ನಿಮ್ಮ ಬಾಯಲ್ಲಿ ಬರಕೂಡದು. ನನ್ನಾಣೆ."

"ನಾನಿನ್ನೂ ತಿಂದೇ ಇಲ್ವಲ್ಲೇ," ಅಂದರು.

"ತಿನ್ನೋಕ್ ಮುಂಚೇನೇ ಹೇಳಿ."

"ಆಯ್ತು," ಅಂದರು. ಕೊಟ್ಟ ಮಾತಿಗೆ ತಪ್ಪುವವರಲ್ಲ; ಅದು ಗೊತ್ತಿದ್ದೇ ನಾನು ಆಣೆ ಹಾಕಿದ್ದು.

ಅಂಗಡಿ ನಡೆಯಿತು. ಊರಿಗೆ ದಿನಾ ಹೊಸಬರು ಬರುತ್ತಾರೆ, ಇವರು ತಂದು ಇಳಿಸುತ್ತಾರೆ. ಒಮ್ಮೆ ಬಂದವರು ಮತ್ತೆ ಬರುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮಿಬ್ಬರ ಊಟವೂ ಅಲ್ಲೇ. ಅವನ ಪಿಜ್ಜಾದ ನಡು ಹಸಿ, ಅಂಚು ಕಡಿದರೆ ದವಡೆ ನೋವು. ನಾನು ಬೇರೆಲ್ಲೂ ತಿಂದವಳಲ್ಲ. ಪಿಜ್ಜಾ ಎಂದರೆ ಇಷ್ಟೇ ಇರಬೇಕು ಅಂದುಕೊಂಡು ಚೆನ್ನಾಗಿದೆ ಅನ್ನುತ್ತಿದ್ದೆ. ಇವರು ತಲೆ ತಗ್ಗಿಸಿ ತಿಂದು ಕೈ ತೊಳೆಯುತ್ತಿದ್ದರು.

ನಾನು ಮನೆಯ ಮುಂಗೋಣೆಯಲ್ಲೇ ಕಿಟಕಿ ಪರದೆ ಹೊಲಿಯುತ್ತೇನೆ. ಹೋದ ತಿಂಗಳು ಊರಿಗೆ ಹೊಸದಾಗಿ ಬಂದ ನರ್ಸೊಬ್ಬಳು ಪರದೆ ಹೊಲಿಸಲು ಬಂದಳು. ಅಳತೆ ಬರೆಸುತ್ತ ಮಾತಿಗಿಳಿದಳು.

"ಈ ಊರಿನ ಟ್ಯಾಕ್ಸಿಯವ್ರು ವಿಚಿತ್ರ ಆಂಟಿ. ಬಂದ ದಿನ ಒಬ್ಬರನ್ನ ಒಳ್ಳೇ ಪಿಜ್ಜಾ ಎಲ್ಲಿ ಸಿಗತ್ತೆ ಅಂತ ಕೇಳ್ದೆ. ಒಂದು ಅಂಗಡಿ ಮುಂದೆ ತಂದು ನಿಲ್ಸಿದ್ರು. ಇದೇನಾ ಊರಿಗೇ ಒಳ್ಳೇದು ಅಂದ್ರೆ ಗಾಡಿ ಆಫ್ ಮಾಡಿ ಬೆವರ್ತಾ ಕೂತ್ರು. ಆಮೇಲೆ, 'ಬಸ್ ಡಿಪೋ ಹಿಂದೆ ಒಂದು ಗಲ್ಲಿ ಇದೆಯಮ್ಮ, ಓಡಾಡೋಕೆ ಚೆನ್ನಾಗಿರತ್ತೆ' ಅಂದ್ರು. ಡಿಪೋ ಹಿಂದೆ ಯಾರಾದ್ರೂ ಓಡಾಡೋಕ್ ಹೋಗ್ತಾರಾ? ಮೊನ್ನೆ ಹೋಗಿ ನೋಡಿದ್ರೆ ಅಲ್ಲೊಂದು ಪಿಜ್ಜಾ ಅಂಗಡಿ. ಅಂಥದ್ದು ನಾನು ಎಲ್ಲೂ ತಿಂದಿಲ್ಲ."

"ಯಾವ ಟ್ಯಾಕ್ಸಿ ಅದು?" ಅಂದೆ.

"ನಂಬರ್ ನೋಡ್ಲಿಲ್ಲ. ಪಕ್ಕದ ಕನ್ನಡೀನ ಬಟ್ಟೇಲಿ ಕಟ್ಟಿದ್ರು. ಇದೇ ಥರದ್ದು," ಎಂದು ನನ್ನ ಮೇಜಿನ ಮೇಲಿದ್ದ ನೀಲಿ ಹೂವಿನ ಬಟ್ಟೆಯನ್ನು ಮುಟ್ಟಿ ತೋರಿಸಿದಳು. ಕನ್ನಡಿ ಅಲ್ಲಾಡುತ್ತದೆ ಅಂದಿದ್ದಕ್ಕೆ ಆ ಚೂರು ಕತ್ತರಿಸಿ ಕೊಟ್ಟವಳು ನಾನೇ. ಅವಳು ಹೋದ ಮೇಲೆ ಸಿಟ್ಟು ನೆತ್ತಿಗೇರಿತು. ಆಣೆ ಮುರಿಯದೆ ಆಣೆಗೆ ಕನ್ನ ಹಾಕಿದ್ದಾರಲ್ಲ ಎಂದು.

ಮಾರನೇ ದಿನ ಯಾರಿಗೂ ಹೇಳದೆ ಡಿಪೋ ಹಿಂದಿನ ಗಲ್ಲಿಗೆ ಹೋದೆ. ನಾಲ್ಕೇ ಮೇಜು, ಮೂರು ಖಾಲಿ. ಮೊದಲು ಬಸ್ಸುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದವನೊಬ್ಬ ಹಳೆ ತಗಡಿನಿಂದ ತಾನೇ ಒಲೆ ಕಟ್ಟಿಕೊಂಡು ನಡೆಸುವ ಅಂಗಡಿ ಅದು. ಕೊಂಕು ತೆಗೆಯಲೇಬೇಕು ಎಂದು ಬಾಯಿಗಿಟ್ಟೆ. ತೆಗೆಯಲು ಕೊಂಕು ಸಿಗಲಿಲ್ಲ. ನಡು ಬೆಂದಿತ್ತು. ಪಿಜ್ಜಾದ ನಡು ಬೇಯುತ್ತದೆ ಎಂಬುದೇ ನನಗೆ ಹೊಸ ಸುದ್ದಿ.

"ಇಷ್ಟು ಚೆನ್ನಾಗಿ ಮಾಡ್ತೀರಿ, ಜನ ಇಲ್ವಲ್ಲ?" ಅಂದೆ.

"ಯಾರಿಗ್ ಗೊತ್ತಿದೆ ಅಮ್ಮ ಈ ಗಲ್ಲಿ? ಒಬ್ರು ಟ್ಯಾಕ್ಸಿಯವ್ರು ಪ್ರತಿ ಮಂಗಳವಾರ ಬರ್ತಾರೆ. ಆ ಮೂಲೇಲಿ ಗೋಡೆ ಕಡೆ ತಿರುಗಿ ಕೂತು, ಕದ್ದು ತಿನ್ನೋರ ಥರ ತಿಂತಾರೆ. ಪ್ಯಾಸೆಂಜರಿಗೆ ಒಂದ್ ಮಾತು ಹೇಳಿ ಸಾರ್ ಅಂದ್ರೆ, 'ನನ್ನ ನಾಲಿಗೆ ನಂದಲ್ಲಪ್ಪ' ಅಂತಾರೆ. ಒಂದ್ಸಲ ಕಣ್ಣಲ್ಲಿ ನೀರು ಬಂದಿತ್ತು. ಖಾರ ಜಾಸ್ತಿ ಆಯ್ತೇನೋ ಅಂದ್ಕೊಂಡೆ."

ಸಿಟ್ಟೆಲ್ಲ ಎಲ್ಲಿ ಹೋಯಿತೋ. ತಮ್ಮನನ್ನು ಗೋಡೆಯಿಂದ ಈಚೆ ತಿರುಗಿಸಲು ಹೋಗಿ ಗಂಡನನ್ನು ಗೋಡೆಗೆ ತಿರುಗಿಸಿ ಕೂರಿಸಿದ್ದೆ. ನಾಚಿಕೆಯಾಯಿತು. ಈ ಭಾನುವಾರವೇ ತಮ್ಮನಿಗೆ ನೇರವಾಗಿ ಹೇಳಿಬಿಡಬೇಕು: ನಿನ್ನ ಪಿಜ್ಜಾ ಬೇಯುತ್ತಿಲ್ಲ ಕಣೋ, ಡಿಪೋ ಹಿಂದೆ ಹೋಗಿ ಕಲಿತು ಬಾ, ಅಲ್ಲಿಯವರೆಗೆ ನಿನ್ನ ಭಾವನ ನಾಲಿಗೆಯನ್ನು ಅವರಿಗೆ ವಾಪಸ್ ಕೊಡು. ದಾರಿಯುದ್ದಕ್ಕೂ ಈ ಮಾತನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಬಂದೆ.

ಭಾನುವಾರ ಕೂತೆವು. ತಮ್ಮ ಪಿಜ್ಜಾ ತಂದಿಟ್ಟು, ಕೈಯ ಹಿಟ್ಟು ಒರೆಸಿಕೊಳ್ಳುತ್ತ ಎದುರಿಗೆ ಕೂತ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರು ಮಾಡಿದ.

"ಬುಧವಾರ ಒಬ್ಬ ಗಿರಾಕಿ ಒಂದೇ ತುತ್ತು ತಿಂದು, ತಟ್ಟೆ ಹಾಗೇ ಬಿಟ್ಟು ಹೋದ ಅಕ್ಕ. ನಾನು ಮನೇಗ್ ಹೋಗಿ ಮಲಗಿದೋನು ಮಾರನೇ ದಿನ ಏಳ್ಲೇ ಇಲ್ಲ. ಮತ್ತೆ ಹಳೇ ಥರ ಆಗ್ಬಿಡ್ತೀನೇನೋ ಅನ್ನಿಸ್ತು. ಆಮೇಲೆ ಯೋಚ್ನೆ ಮಾಡ್ದೆ. ನಮ್ಮ ಭಾವ ಸತ್ರೂ ಸುಳ್ಳು ಹೇಳೋರಲ್ಲ. ಅವರೇ ಊರಿಗೇ ಒಳ್ಳೇದು ಅಂತ ಜನಾನ ಕರ್ಕೊಂಡು ಬರ್ತಾರೆ ಅಂದ್ಮೇಲೆ ಆ ಗಿರಾಕಿ ನಾಲಿಗೇನೇ ಕೆಟ್ಟಿರ್ಬೇಕು. ಎದ್ದು ಬಂದು ಅಂಗಡಿ ತೆಗ್ದೆ."

ಹೇಳಿ ನಕ್ಕ. ನಲವತ್ತು ದಾಟಿದವನು, ನಕ್ಕರೆ ಇನ್ನೂ ಆ ಮೂರು ವರ್ಷದ ಮುಖವೇ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ತಿನ್ನು ಅಕ್ಕ. ಹೇಗಿದೆ ಹೇಳು."

ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ ಅನ್ನುತ್ತಾರಲ್ಲ, ಅವತ್ತು ನನ್ನ ಬಾಯಲ್ಲಿದ್ದದ್ದು ತಣ್ಣಗಿನ ಹಸಿ ಹಿಟ್ಟು. ಬಾಯಿಪಾಠ ಮಾಡಿದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಚೆನ್ನಾಗಿದೆ ಕಣೋ," ಅಂದೆ.

ಇಷ್ಟು ವರ್ಷ ಅದೇ ಮಾತನ್ನು ತಿಳಿಯದೆ ಹೇಳಿದ್ದೆ. ತಿಳಿದೂ ಹೇಳಿದ್ದು ಅವತ್ತೇ ಮೊದಲು. ನನ್ನ ದನಿಯಲ್ಲಿ ಏನಿತ್ತೋ, ಇವರು ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಡಿಪೋ ಹಿಂದಿನ ಗಲ್ಲಿಗೆ ನಾನು ಹೋಗಿಬಂದದ್ದು ಅವರಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ತಮ್ಮ ಇನ್ನೊಂದು ತುಂಡು ತರಲು ಒಳಗೆ ಹೋದ.

ಇವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.

"ನಡುವಿನದ್ದು ಮೊದ್ಲು ಮುಗಿಸ್ಬಿಡು," ಅಂದರು, ಮೆಲ್ಲಗೆ. "ಅಗೀಬೇಡ. ನೀರಿನ ಜೊತೆ ನುಂಗು. ಅಭ್ಯಾಸ ಆಗತ್ತೆ."