ಅಡಿವೆಪ್ಪ ಕಾಕಾನ ಧ್ವನಿ ರಿಪೇರಿ

೧೯೪೫ರ ಮುಂಗಾರಿನಲ್ಲಿ ನಾನು ಗೋಕಾಕದಲ್ಲಿ ಗ್ರಾಮ ರೇಡಿಯೊ ಮೆಕ್ಯಾನಿಕ್ ಆಗಿದ್ದೆ. ಹುದ್ದೆ ಹಂಗಾಮಿ. ಹಂಗಾಮಿ ಎಂದರೆ ಪಗಾರ ತಿಂಗಳಿಗೊಮ್ಮೆ, ಹೆದರಿಕೆ ದಿನಕ್ಕೊಮ್ಮೆ. ನನ್ನನ್ನು ಕಾಯಂ ಮಾಡುವ ಕಾಗದ ಮೇಲಿನ ಕಚೇರಿಯ ಯಾವುದೋ ಮೇಜಿನ ಮೇಲೆ ಸಹಿಗಾಗಿ ಮಲಗಿದೆಯೆಂದು ನಾಲ್ಕು ತಿಂಗಳಿಂದ ಕೇಳುತ್ತಿದ್ದೆ. ಅದು ಏಳುವವರೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹನ್ನೊಂದು ಹಳ್ಳಿಗಳ ರೇಡಿಯೊ ಪೆಟ್ಟಿಗೆಗಳ ಆರೋಗ್ಯ ನೋಡಿಕೊಳ್ಳುವುದು ನನ್ನ ಕೆಲಸ.

ಆ ಪೆಟ್ಟಿಗೆಗಳನ್ನು ಈಗಿನವರು ನೋಡಿರಲಾರರು. ಚಾವಡಿಯ ಗೋಡೆಗೆ ಜಡಿದ ಕಟ್ಟಿಗೆಯ ಗೂಡು, ಅದಕ್ಕೊಂದು ಕೀಲಿ, ಒಳಗೆ ನಾಲ್ಕು ವಾಲ್ವಿನ ಸೆಟ್, ಕೆಳಗೆ ಆರು ವೋಲ್ಟಿನ ಅಕ್ಯುಮ್ಯುಲೇಟರ್, ಅಂದರೆ ಆಮ್ಲ ತುಂಬಿದ ಭಾರವಾದ ಬ್ಯಾಟರಿ. ಹಳ್ಳಿಗಳಲ್ಲಿ ವಿದ್ಯುತ್ ಇರಲಿಲ್ಲ. ಆದ್ದರಿಂದ ಗೋಕಾಕದಲ್ಲಿ ಚಾರ್ಜ್ ಮಾಡಿದ ಬ್ಯಾಟರಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ, ದಣಿದವುಗಳನ್ನು ತರುತ್ತಿದ್ದೆ. ಸೆಟ್ಟಿಗೆ ಒಂದೇ ಕೇಂದ್ರ ಸಿಗುವಂತೆ ಮುದ್ರೆ ಹಾಕಲಾಗಿತ್ತು. ಆ ಕೇಂದ್ರದ ಹೆಸರು ಬೇಡ. ಅಲ್ಲಿಯವರು ಕೆಲವರು ಇನ್ನೂ ಪೆನ್ಶನ್ ತಿನ್ನುತ್ತಿದ್ದಾರೆ.

ಸಂಜೆ ಆರೂವರೆಗೆ ಅರ್ಧ ತಾಸು ಹಳ್ಳಿಗರ ಕಾರ್ಯಕ್ರಮ. ಅದನ್ನು ನಡೆಸುತ್ತಿದ್ದವರು ಅಡಿವೆಪ್ಪ ಕಾಕಾ. ಬೆಲ್ಲದ ಧಾರಣೆ, ದನದ ರೋಗ, ಮಳೆಯ ಸೂಚನೆ, ಎಲ್ಲವೂ ಸರಕಾರ ಬರೆದು ಕೊಟ್ಟದ್ದೇ. ಆದರೆ ಕಾಕಾ ಅದನ್ನು ಓದುತ್ತಿರಲಿಲ್ಲ, ಅದರ ಮೇಲೆ ಜಗಳ ತೆಗೆಯುತ್ತಿದ್ದರು. “ಹಿಂಡಿ ಗೊಬ್ಬರಾ ಎಕರೆಕ್ಕ ಮೂರ ಚೀಲಾ ಹಾಕ್ರಿ ಅಂತ ಸಾಹೇಬ್ರು ಬರದಾರ. ಸಾಹೇಬ್ರ ಹೊಲಾ ಎಲ್ಲೈತೋ, ನೋಡಿ ಬರೂಣು ನಡೀರಿ!” ಎನ್ನುವರು. ಚಾವಡಿ ನಗುವುದು. ಹಳ್ಳಿಗಳಿಂದ ಹೋದ ಪತ್ರಗಳಿಗೆ ಹೆಸರು ಹಿಡಿದು ಉತ್ತರ ಹೇಳುವರು. ಮಸಗುಪ್ಪಿಯ ನಿಂಗವ್ವ ಎಂಬ ಮುದುಕಿ, ಗಂಡ ತೀರಿದ ಮೇಲೆ ಆರು ಎಕರೆ ತಾನೇ ಮಾಡಿಸುವಾಕೆ, ತನ್ನ ಗಬ್ಬದ ಎಮ್ಮೆ ಮೇವು ಬಿಟ್ಟಿದೆಯೆಂದು ಬರೆಸಿದ್ದಳು. ಕಾಕಾ ಮದ್ದು ಹೇಳಿದರು, ಮತ್ತೆ ಎಂಟು ದಿನಕ್ಕೊಮ್ಮೆ ವಿಚಾರಿಸಿದರು. ಕೊನೆಗೆ, “ಯವ್ವಾ, ಎಮ್ಮಿ ಈದ ಮ್ಯಾಲ ಗಿಣ್ಣಾ ನನಗೂ ಇಡು,” ಎಂದಿದ್ದರು. ಆ ಮಾತು ಮಸಗುಪ್ಪಿಯಲ್ಲಿ ಶಾಸನದಂತೆ ಉಳಿದಿತ್ತು.

ಜುಲೈ ಮೊದಲ ವಾರದಲ್ಲಿ ದೂರುಗಳು ಬರತೊಡಗಿದವು. ಎಲ್ಲ ಊರಿನದೂ ಒಂದೇ ದೂರು: ಕಾಕಾನ ಧ್ವನಿ ಕೆಟ್ಟಿದೆ. ಘೋಡಗೇರಿಯಲ್ಲಿ ಪೆಟ್ಟಿಗೆಯ ಕೀಲಿ ಇಟ್ಟುಕೊಂಡಿದ್ದ ಸಾಲಿ ಮಾಸ್ತರರು, “ಕಾಕಾನ ಗಂಟಲಕ್ಕ ತುಕ್ಕ ಹಿಡದೈತ್ರಿ, ಒಳಗ ಏನರ ಎಣ್ಣಿ ಬಿಡ್ರಿ,” ಎಂದರು. ನಾನು ಎಣ್ಣೆ ಬಿಡಲಿಲ್ಲ, ಬ್ಯಾಟರಿ ಬದಲಿಸಿದೆ. ಯಮಕನಮರಡಿಯಲ್ಲಿ ಚಹದ ಅಂಗಡಿಯ ದಸ್ತಗೀರಸಾಬ ಕೈಯಲ್ಲಿ ಕಪ್ಪು-ಬಶಿ ಹಿಡಿದೇ ನನ್ನನ್ನು ತಡೆದ.

“ಏನ್ರಿ ಬ್ಯಾಟ್ರಿ ಸಾಹೇಬ್ರ, ಲಡಾಯಿ ಬಂದ ಮ್ಯಾಲ ಸಕ್ಕರಿಗೆ ಕಲಬೆರಕಿ ಆತು, ಸೀಮಿಎಣ್ಣಿಗೆ ಆತು. ಈಗ ಕಾಕಾನ ಒಳಗೂ ನೀರ ಬೆರಸಿದ್ರೇನು?”

ನಾನು ನಗಲಿಲ್ಲ. ಇಲಾಖೆಯ ಗೌರವ ನನ್ನ ಟೋಪಿಯ ಮೇಲಿತ್ತು. ಒಂದು ವಾಲ್ವ್ ಬದಲಿಸಿದೆ, ಏರಿಯಲ್ ತಂತಿಯನ್ನು ಎರಡು ಮೊಳ ಎತ್ತರಿಸಿದೆ, ಲೌಡ್‌ಸ್ಪೀಕರಿನ ಕಾಗದದ ಶಂಕುವನ್ನು ಕೋಳಿಯ ಪುಕ್ಕದಿಂದ ಜಾಡಿಸಿದೆ. ಹೀಗೆ ಎರಡು ವಾರದಲ್ಲಿ ಐದು ಹಳ್ಳಿ ಸುತ್ತಿ, ‘ದೋಷ ನಿವಾರಿಸಲಾಗಿದೆ’ ಎಂದು ಐದು ವರದಿ ಬರೆದೆ. ಕಾಕಾನ ಧ್ವನಿ ನನಗೂ ತುಸು ತೆಳ್ಳಗೆ ಕೇಳಿಸಿತ್ತು. ಆದರೆ ತರಬೇತಿ ಪಡೆದ ಮನುಷ್ಯನಿಗೆ ಕಿವಿಗಿಂತ ವೋಲ್ಟ್‌ಮೀಟರಿನ ಮೇಲೆ ಹೆಚ್ಚು ನಂಬಿಕೆ.

ಆರನೆಯ ಊರು ಮಸಗುಪ್ಪಿ. ಅಂದು ರವಿವಾರ. ಅಲ್ಲಿ ಕೀಲಿ ಮಲಗೌಡನ ಬಳಿ. ಊರ ಹಿರಿಯ, ಮಾತು ಕಡಿಮೆ, ರುಮಾಲು ದೊಡ್ಡದು. ಬ್ಯಾಟರಿ ಬದಲಿಸುತ್ತ ನೆರೆದವರಿಗೆ ಒಂದು ವ್ಯಾಖ್ಯಾನ ಕೊಟ್ಟೆ: ವೋಲ್ಟ್ ಇಳಿದಂತೆ ಧ್ವನಿಯ ಮಂದ್ರದ ಭಾಗ ಸವೆಯುತ್ತದೆ, ಆಗ ಗಂಡಸಿನ ದನಿ ಹುಡುಗನ ದನಿಯಂತಾಗುತ್ತದೆ ಎಂದೆ. ಆರೂವರೆಗೆ ಪೆಟ್ಟಿಗೆ ಉಸಿರಾಡಿತು.

“ನಮಸ್ಕಾರ್ರಿ. ನಾ ನಿಮ್ಮ ಅಡಿವೆಪ್ಪ ಕಾಕಾ.”

“ಕೇಳಿದ್ರಿಲ್ಲೋ? ಎಷ್ಟು ಸ್ವಚ್ಛ!” ಎಂದು ನಾನು ಸುತ್ತಲೂ ನೋಡಿದೆ.

ಧ್ವನಿ ಮುಂದುವರಿಯಿತು. “ಮಳಿ ಬಿಡುವು ಕೊಟ್ಟೈತಿ, ಭೂಮಿ ಹದಾ ಐತಿ. ನಾಳೆ ಸೋಮವಾರ ನಸುಕಿನ್ಯಾಗ ಎದ್ದು ಎತ್ತ ಹೂಡ್ರಿ, ಎಡಿ ಹೊಡದು ಕಸಾ ತಗೀರಿ.”

ಚಾವಡಿಯ ತಲೆಗಳೆಲ್ಲ ಪೆಟ್ಟಿಗೆಯ ಕಡೆ ತಿರುಗಿದವು. ಸೋಮವಾರ ಬಸವಣ್ಣನ ವಾರ. ಅಂದು ಆ ಸೀಮೆಯ ಒಕ್ಕಲಿಗರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಭೂಮಿಯ ಹದ ಹೋದರೂ ಹೋಗಲಿ, ಎತ್ತಿನ ರಜೆ ಹೋಗಕೂಡದು. ಅದನ್ನು ಕಾಕಾ ಬಲ್ಲರು. ಹಿಂದೊಮ್ಮೆ ಸರಕಾರದ ಕಾಗದದಲ್ಲಿ ಇಂಥದೇ ಮಾತು ಬಂದಾಗ, “ಸಾಹೇಬ್ರಿಗೆ ಐತ್ವಾರ ಸೂಟಿ, ಎತ್ತಿಗೆ ಸೋಮವಾರ ಸೂಟಿ. ಇಬ್ಬರದೂ ಕಸಗೋಬ್ಯಾಡ್ರಿ,” ಎಂದು ದಾಟಿಸಿದ್ದರು.

ಕಟ್ಟೆಯ ತುದಿಯಲ್ಲಿ ಕೂತಿದ್ದ ನಿಂಗವ್ವ ನನ್ನ ಕಡೆ ತಿರುಗಿದಳು. “ತಮ್ಮಾ, ಬ್ಯಾಟ್ರಿ ಕೆಟ್ಟರ ಸೋಮವಾರ ಮರೀತೈತೇನು?”

“ಇಲ್ಲವ್ವಾ,” ಎಂದೆ. ನನ್ನ ತರಬೇತಿಯಲ್ಲಿ ಅಂಥ ದೋಷ ಹೇಳಿಕೊಟ್ಟಿರಲಿಲ್ಲ.

“ಹಂಗಾರ ಪೆಟಗಿ ಮುಚ್ಚು. ಕಾಕಾ ಹೋಗ್ಯಾನ. ಇಂವ ಬ್ಯಾರೇದಾಂವ.”

ಮಲಗೌಡ ಸಿಡುಕಿದ. “ಏ ಮುದಕಿ, ಇದ್ದಾವನ್ನ ಕೊಲ್ಲಬ್ಯಾಡ. ರಜಾ ಹಾಕ್ಯಾನು.”

“ರಜಾ ಹಾಕಿದಾಂವ ತನ್ನ ಹೆಸರ ಬ್ಯಾರೇದಾವಗ ಕೊಟ್ಟ ಹೋಗ್ತಾನೇನೋ, ಗೌಡಾ?”

ಕಚೇರಿಗೆ ಬರೆದು ಕೇಳುತ್ತೇನೆಂದು ಮಾತು ಕೊಟ್ಟು ಬಂದೆ.

ಹನ್ನೆರಡು ದಿನಕ್ಕೆ ಉತ್ತರ ಬಂತು. ಟೈಪು ಮಾಡಿದ ನಾಲ್ಕು ಸಾಲು. ಅದರ ಸಾರ ಇದು: ಸದರಿ ಪಾತ್ರವನ್ನು ನಿರ್ವಹಿಸುತ್ತಿದ್ದ ಕಲಾವಿದರು ಕಾರಹುಣ್ಣಿಮೆಗೆ ಮೂರು ದಿನ ಮೊದಲು ನಿಧನ ಹೊಂದಿದ್ದಾರೆ. ಪಾತ್ರವು ಮುಂದುವರಿಯುತ್ತಿದೆ. ಶ್ರೋತೃಗಳಿಗೆ ಈ ವಿಷಯ ತಿಳಿಸಕೂಡದು. ಧ್ವನಿಯ ವ್ಯತ್ಯಾಸಕ್ಕೆ ಯಂತ್ರದ ದೋಷ ಕಾರಣವೆಂದು ಮೆಕ್ಯಾನಿಕರು ಮನವರಿಕೆ ಮಾಡಿಕೊಡತಕ್ಕದ್ದು.

ತಿಂಗಳ ಮೇಲಾಗಿತ್ತು ಆ ಮನುಷ್ಯ ಸತ್ತು. ಅಷ್ಟು ದಿನವೂ ಚಾವಡಿಗಳಲ್ಲಿ ಅವರ ಹೆಸರು ನಮಸ್ಕಾರ ಹೇಳುತ್ತಿತ್ತು. ನಾನು ಐದು ಊರುಗಳಲ್ಲಿ, ಸ್ಕ್ರೂಡ್ರೈವರ್ ಹಿಡಿದು, ಸತ್ತವರನ್ನು ರಿಪೇರಿ ಮಾಡಿದ್ದೆ! ಅದಕ್ಕೆ ಐದು ವರದಿಗಳ ಪುರಾವೆಯೂ ಇತ್ತು. ಅದಕ್ಕಿಂತ ಹೆಚ್ಚು ನನ್ನನ್ನು ತಲ್ಲಣಗೊಳಿಸಿದ್ದು ಬೇರೆ: ಆ ನಾಲ್ಕು ಸಾಲುಗಳಲ್ಲಿ ಸತ್ತವರ ನಿಜವಾದ ಹೆಸರು ಕೂಡ ಇರಲಿಲ್ಲ.

ಎರಡು ದಿನ ಆ ಕಾಗದ ಅಂಗಿಯ ಜೇಬಿನಲ್ಲಿತ್ತು. ಸುಳ್ಳು ಹೇಳಿದರೆ ನೌಕರಿ ಕಾಯಂ. ಖರೆ ಹೇಳಿದರೆ ಊರವರಿಗೆ ಅವರ ಸಾವು ಸಿಗುತ್ತದೆ, ನನ್ನ ನೌಕರಿ ಹೋಗುತ್ತದೆ. ನಾನು ಶೂರನಲ್ಲ. ಸುಳ್ಳು ಹೇಳಲೆಂದೇ ಮಸಗುಪ್ಪಿಗೆ ಹೋದೆ. ದಾರಿಯುದ್ದಕ್ಕೂ ಕಂಡೆನ್ಸರ್ ಎಂಬ ಭಾಗದ ಮೇಲೆ ಒಂದು ಘನವಾದ ಭಾಷಣ ತಯಾರಿಸಿಕೊಂಡಿದ್ದೆ. ಪಾಪದ ಕಂಡೆನ್ಸರ್, ತನ್ನ ಮೇಲಿನ ಆರೋಪವನ್ನು ಅಲ್ಲಗಳೆಯಲಾರದು.

ಚಾವಡಿಯಲ್ಲಿ ಮೂವತ್ತು ಜನ ಕೂತಿದ್ದರು. “ಕಾಗದ ಬಂತೇನ್ರಿ?” ಎಂದ ಮಲಗೌಡ. ನಾನು ಗಂಟಲು ಸರಿಮಾಡಿಕೊಂಡೆ. ನಿಂಗವ್ವ ಅಡ್ಡ ಬಂದಳು.

“ಸತ್ತಾನೋ ಇಲ್ಲೋ ಅಂತ ಕೇಳಾಕತ್ತಿಲ್ಲ, ತಮ್ಮಾ. ಅದು ನನಗ ಗೊತ್ತೈತಿ. ಎಂದ ಹ್ವಾದ? ಅಷ್ಟ ಹೇಳು.”

ಕಂಡೆನ್ಸರ್ ನಾಲಗೆಯ ತುದಿಯಲ್ಲೇ ಕರಗಿತು. “ಕಾರಹುಣ್ಣಿಮೆಗೆ ಮೂರು ದಿನ ಮೊದಲು,” ಎಂದೆ.

ಕೂಗಾಟವಾದೀತು ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟರು. ಮಲಗೌಡನ ಬೋಳುತಲೆಯನ್ನು ನಾನು ನೋಡಿದ್ದು ಅಂದೇ ಮೊದಲು. “ಕಾರಹುಣ್ಣಿಮಿಗೆ ಎತ್ತಿಗೆ ಬಣ್ಣಾ ಬಳದು ಕುಣದೇವಲ್ಲೋ,” ಎಂದ ಅವನು, ಯಾರಿಗೂ ಅಲ್ಲ, ನೆಲಕ್ಕೆ.

ನಿಂಗವ್ವ ಬೆರಳು ಮಡಿಚಿ ದಿನ ಎಣಿಸುತ್ತಿದ್ದಳು. ಬೆರಳು ನಿಂತವು. “ನನ್ನ ಎಮ್ಮಿ ಈದದ್ದು ಹುಣ್ಣಿಮಿ ಮರುದಿನಾ. ಗಿಣ್ಣಾ ಕಾಸಿ ಮೊದಲನೇ ವಾಟಗಾ ತುಂಬಿ ತಂದು ಈ ಪೆಟಗಿ ಮುಂದ ಇಟ್ಟೆ. ಒಳಗಿಂದ ನಮಸ್ಕಾರ ಅಂದ. ಯಾರಿಗೆ ಇಟ್ಟೆ ನಾ? ಯಾರಿಗೆ ಇಟ್ಟೆ?”

ಒಬ್ಬ ತರುಣ ಎದ್ದು, ಪೆಟ್ಟಿಗೆಯನ್ನು ಘಟಪ್ರಭೆಗೆ ಎಸೆಯೋಣ ಎಂದ. ಸರಕಾರಿ ಸೊತ್ತು ಎಂದು ನಾನು ಕ್ಷೀಣವಾಗಿ ಹೇಳಿದೆ. ಮಲಗೌಡ ಇಬ್ಬರನ್ನೂ ಸುಮ್ಮನಿರಿಸಿ, “ಇಂದ ಊರಾಗ ಯಾರೂ ಒಲಿ ಹಚ್ಚಬ್ಯಾಡ್ರಿ,” ಎಂದು ತೀರ್ಪು ಕೊಟ್ಟ.

ಇಲ್ಲೊಂದು ಧರ್ಮಸೂಕ್ಷ್ಮ ಎದ್ದಿತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ತಂದು ಉಣಿಸಬೇಕು. ಇಡೀ ಊರೇ ಒಲೆ ಆರಿಸಿದರೆ ಬುತ್ತಿ ತರುವವರು ಯಾರು? ಘೋಡಗೇರಿಯವರು ತರಲಿ ಎಂದರೆ ಅವರ ಚಾವಡಿಯಲ್ಲೂ ಅದೇ ಸಾವು. ಈ ಪ್ರಶ್ನೆಯನ್ನು ಪಂಚರು ಒದ್ದೆ ಕಣ್ಣಿನಿಂದ, ಆದರೆ ಪೂರ್ಣ ಗಾಂಭೀರ್ಯದಿಂದ ಚರ್ಚಿಸಿದರು. ಬಗೆಹರಿಸಿದವಳು ನಿಂಗವ್ವ.

“ಸತ್ತ ಮನಿ ನಮ್ಮದಲ್ಲ. ಅಂವ ಕುಂತ ಮಾತಾಡ್ತಿದ್ದ ರೇಡಿಯೊ ಕೋಲಿ ಐತೆಲ್ಲಾ, ಅದು. ಬುತ್ತಿ ಅಲ್ಲಿಗೆ ಹೋಗಬೇಕು. ಆ ಬ್ಯಾರೇದಾಂವನೂ ಅದ ಮನಿಯಾಂವ. ಸತ್ತಾವನ ಅಂಗಿ ತೊಡಿಸಿ ಕುಂಡರಿಸ್ಯಾರ, ಪಾಪ. ಅವಗ ಯಾರ ಉಣ್ಣಾಕ ಹಾಕ್ಯಾರು?”

ನಾಲ್ಕು ದಿನದಲ್ಲಿ ಬುತ್ತಿ ಸಿದ್ಧವಾಯಿತು. ದೂರದ ದಾರಿ ಎಂದು ಕಟಕ ರೊಟ್ಟಿ, ಶೇಂಗಾದ ಹಿಂಡಿ, ಅಗಸಿ ಹಿಂಡಿ, ಬೆಲ್ಲ. ಸುದ್ದಿ ನನಗಿಂತ ವೇಗವಾಗಿ ಹೋಗಿತ್ತು. ಘೋಡಗೇರಿಯಿಂದ ಮಾಸ್ತರರು ಇನ್ನೊಂದು ಬುಟ್ಟಿ ತಂದರು. ದಸ್ತಗೀರಸಾಬ ಯಮಕನಮರಡಿಯ ಪರವಾಗಿ ಚಹಪುಡಿಯ ಪೊಟ್ಟಣ ಕಳಿಸಿದ್ದ. ಅದರ ಮೇಲೆ, ‘ಕಲಬೆರಕಿ ಇಲ್ಲ’ ಎಂದು ಬರೆಸಿದ್ದ.

ಗೋಕಾಕ ರೋಡ್ ಸ್ಟೇಶನ್ನಿನ ಪಾರ್ಸಲ್ ಗುಮಾಸ್ತರು ಬುಟ್ಟಿಗಳನ್ನು ಮೂಸಿ ನೋಡಿ, “ಒಳಗೇನೈತ್ರಿ?” ಎಂದರು. ರೇಡಿಯೊ ಬಿಡಿಭಾಗ ಎಂದು ಬರೆದರೆ ಸುಲಭವಿತ್ತು. ಆದರೆ ಆ ತಿಂಗಳ ನನ್ನ ಸುಳ್ಳಿನ ಪಡಿ ಮುಗಿದಿತ್ತು. ‘ಸಾವಿನ ಮನೆಯ ಬುತ್ತಿ’ ಎಂದು ಬರೆದೆ. ಕಳಿಸಿದವರು ಎಂಬಲ್ಲಿ ಮೂರು ಊರುಗಳ ಹೆಸರು ಹಾಕಿ, ಕೆಳಗೆ ನನ್ನ ಸಹಿ, ಹುದ್ದೆ. ರೈಲು ಹೊರಟಾಗ ನನ್ನ ಕಾಯಂ ನೌಕರಿಯೂ ಅದೇ ಡಬ್ಬಿಯಲ್ಲಿ ಹೋಗುತ್ತಿದೆ ಎನ್ನಿಸಿತು.

ಒಂದು ವಾರ ಪೆಟ್ಟಿಗೆಯಲ್ಲಿ ಏನೂ ಬದಲಾಗಲಿಲ್ಲ. ‘ನಿಮ್ಮ ಅಡಿವೆಪ್ಪ ಕಾಕಾ’ ನಮಸ್ಕಾರ ಹೇಳುತ್ತಿದ್ದ, ಮಸಗುಪ್ಪಿ ಬಾಯಿ ಮುಚ್ಚಿಕೊಂಡು ಕೇಳುತ್ತಿತ್ತು. ಎಂಟನೆಯ ಸಂಜೆ ನಾನು ಅಲ್ಲೇ ಇದ್ದೆ.

“ನಮಸ್ಕಾರ್ರಿ,” ಎಂದಿತು ಧ್ವನಿ. ಆಮೇಲೆ ನಿಂತಿತು. ಅಭ್ಯಾಸಬಲದಿಂದ ನನ್ನ ಕೈ ಬ್ಯಾಟರಿಯ ತಂತಿಗೆ ಹೋಯಿತು. ಮಲಗೌಡ ನನ್ನ ಮಣಿಕಟ್ಟು ಹಿಡಿದ. “ಬಿಡ್ರಿ. ಪೆಟಗಿ ಬರೋಬರಿ ಐತಿ.”

“ಮಸಗುಪ್ಪಿ, ಘೋಡಗೇರಿ, ಯಮಕನಮರಡಿ ಮಂದೀಗೆ ಒಂದ ಮಾತ,” ಎಂದಿತು ಧ್ವನಿ. “ಬುತ್ತಿ ಮುಟ್ಟೇತ್ರಿ. ಎಲ್ಲಾರೂ ಕುಂತ ಉಂಡ್ವಿ. ಕಾಕಾನ ಮನಿಯವರನ್ನೂ ಕರಸಿದ್ವಿ. ಅವರೂ ಉಂಡ್ರು.” ಕಾಗದ ಸರಿದ ಸಪ್ಪಳ ಕೇಳಿತು. “ನನ್ನ ಹೆಸರ ಗುರುಪಾದ. ಈಗ ಬೆಲ್ಲದ ಧಾರಣಿ ಹೇಳ್ತೇನಿ.”

ಬೆಲ್ಲದ ಧಾರಣೆ ಆ ದಿನ ಎಷ್ಟಿತ್ತೋ ಮಸಗುಪ್ಪಿಗೆ ತಿಳಿಯಲಿಲ್ಲ. ನಿಂಗವ್ವ ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಸೆರಗು ತಲೆಯ ಮೇಲೆ ಎಳೆದುಕೊಂಡು, ತಮ್ಮನ ಸಾವಿಗೆ ಅಕ್ಕ ಅಳುವಂತೆ, ಹೆಸರು ಹಿಡಿದು, ಹಾಡಿಕೊಂಡು ಅತ್ತಳು. ಉಳಿದ ಹೆಂಗಸರು ದನಿಗೂಡಿಸಿದರು.

ನನಗೆ ಮೆಮೊ ಬಂತು. ಆರು ಕಲಮುಗಳಿದ್ದವು. ರೊಟ್ಟಿಯ ಪ್ರಸ್ತಾಪ ಮೂರು ಕಡೆ ಇತ್ತು. ನೌಕರಿ ಹೋಗಲಿಲ್ಲ, ಕಾಯಂ ಆಗುವುದು ಮಾತ್ರ ಒಂದೂವರೆ ವರ್ಷ ಮುಂದೆ ಹೋಯಿತು. ಗುರುಪಾದ ಎಂಬವರಿಗೆ ಏನು ಶಿಕ್ಷೆಯಾಯಿತೋ ತಿಳಿಯದು. ಅವರ ಕಾರ್ಯಕ್ರಮವಂತೂ ಅವರ ಹೆಸರಿನಲ್ಲೇ ನಡೆಯಿತು. ಸೋಮವಾರದ ಬಗ್ಗೆ ಅವರಿಗೆ ಯಾರೋ ಪತ್ರ ಬರೆದಿದ್ದರು.

ಮುಂದೆ ನಿವೃತ್ತನಾಗುವವರೆಗೆ ಸಾವಿರಾರು ದೂರುಗಳಿಗೆ ಹೋಗಿದ್ದೇನೆ. ಆ ಮುಂಗಾರು ಕಲಿಸಿದ್ದು ಇಷ್ಟು: ಹೋದ ಕೂಡಲೆ ನಾನು ಪೆಟ್ಟಿಗೆ ಬಿಚ್ಚುತ್ತಿರಲಿಲ್ಲ. ಸ್ಕ್ರೂಡ್ರೈವರನ್ನು ಚೀಲದಲ್ಲೇ ಬಿಟ್ಟು, ಅವರ ಜೊತೆ ನೆಲದ ಮೇಲೆ ಕೂತು, “ನಿಮಗ ಏನು ಕೇಳಸಾಕತ್ತಿಲ್ಲ, ಹೇಳ್ರಿ,” ಎನ್ನುತ್ತಿದ್ದೆ. ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಏಳುತ್ತಿರಲಿಲ್ಲ.