ಮೂವತ್ತನಾಲ್ಕು ಗ್ರಾಂ

ಬೆಕ್ಕಿನ ಆಹಾರದ ಪೌಚಿನ ತುದಿ ಕತ್ತರಿಸಿ, ಎರಡು ಬೆರಳುಗಳ ನಡುವೆ ಹಿಡಿದು ಕೆಳಗಿನಿಂದ ಮೇಲಕ್ಕೆ ಎಷ್ಟೇ ಒತ್ತಿದರೂ ತಳದ ಮಡಿಕೆಯಲ್ಲಿ ಆರು ಗ್ರಾಂ ಉಳಿಯುತ್ತದೆ. ಅದನ್ನೂ ತೆಗೆಯಬೇಕೆಂದರೆ ಪೌಚಿನ ಒಂದು ಬದಿಯನ್ನು ಉದ್ದಕ್ಕೆ ಸೀಳಿ, ಬಿಚ್ಚಿ ಹರಡಿ, ಚಮಚದ ಬೆನ್ನಿನಿಂದ ಕೆರೆಯಬೇಕು. ನಾನು ಹಾಗೆ ಮಾಡುತ್ತಿದ್ದೆ. ಎಂಬತ್ತೈದು ಗ್ರಾಮಿನಲ್ಲಿ ಆರು ಗ್ರಾಂ ಹೆಚ್ಚಲ್ಲ. ಆದರೆ ಆ ಮಳೆಗಾಲದಲ್ಲಿ ನಮ್ಮ ಬೆಕ್ಕು ಕೆಲವು ಹೊತ್ತು ತಿನ್ನುತ್ತಿದ್ದುದೇ ಅಷ್ಟು.

ಅದಕ್ಕೆ ಹನ್ನೊಂದು ವರ್ಷ. ಅಷ್ಟೂ ವರ್ಷ ಅದು ತಿಂದದ್ದು ಮೀನು. ನಮ್ಮದು ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವಲ್ಲಿನ ಮಾವಿನಕುರ್ವೆ. ಅಮ್ಮ ಪೇಟೆಯಲ್ಲಿ ಮೀನು ಮಾರುತ್ತಾಳೆ; ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯದ ಎರಡು ತಿಂಗಳು, ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಮೀನು ಮಾರುತ್ತಾಳೆ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದು ಕುಮಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮನೆಯಲ್ಲಿ ನಾವಿಬ್ಬರು ಮತ್ತು ಬೆಕ್ಕು. ಅಮ್ಮ ನನ್ನೊಂದಿಗೆ ದಿನಕ್ಕೆ ಹತ್ತು ಮಾತು ಆಡುತ್ತಿದ್ದರೆ ಬೆಕ್ಕಿನೊಂದಿಗೆ ನೂರು ಆಡುತ್ತಿದ್ದಳು. ನನಗೆ ಹೇಳಬೇಕಾದ್ದನ್ನೂ ಅದಕ್ಕೇ ಹೇಳುತ್ತಿದ್ದಳು. ‘ನೋಡು, ಇವತ್ತೂ ಛತ್ರಿ ಬಿಟ್ಟಿಕಿ ಹೋಯ್ತು’ ಎಂದು ಅದರ ಮುಖ ನೋಡಿಕೊಂಡು ಹೇಳಿದರೆ ನಾನು ಬಾಗಿಲಿನಿಂದ ತಿರುಗಿ ಬಂದು ಛತ್ರಿ ತೆಗೆದುಕೊಳ್ಳುತ್ತಿದ್ದೆ. ಅದಿಲ್ಲದ ಮನೆಯಲ್ಲಿ ನಾವಿಬ್ಬರು ಹೇಗೆ ಮಾತಾಡುತ್ತೇವೆ ಎಂಬುದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಜೂನ್ ಮೊದಲ ವಾರ ಅದು ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತ ನೀರನ್ನು ಎಡೆಬಿಡದೆ ಕುಡಿಯುವುದು ಕಂಡಿತು. ಎತ್ತಿಕೊಂಡಾಗ ಬೆನ್ನಮೂಳೆ ಕೈಗೆ ಸಿಕ್ಕಿತು. ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಕುಮಟೆಗೆ ಒಯ್ದೆ. ಅಲ್ಲಿನ ಪಶುವೈದ್ಯರು ರಕ್ತ ತೆಗೆದು ಕಳಿಸಿದರು. ಮೂರನೆಯ ದಿನ ವರದಿ ತೋರಿಸಿ, ‘ಎರಡೂ ಕಿಡ್ನಿ ಹೋಗ್ತಾ ಇದೆ’ ಎಂದರು. ‘ವಾಸಿ ಮಾಡೂಕೆ ಬರೂದಿಲ್ಲ. ನಿಧಾನ ಮಾಡೂಕೆ ಬರ್ತದೆ. ಮೀನು ಪೂರ್ತಿ ಬಂದ್. ಒಣಮೀನಂತೂ ಮೂಸಿ ನೋಡೂಕೂ ಕೊಡ್ಬೇಡಿ. ಕಿಡ್ನಿಗೆ ಅಂತಲೇ ಮೆತ್ತಗಿನ ಆಹಾರ ಬರ್ತದೆ, ಅದನ್ನ ಹುಡುಕಿ.’

ಎಷ್ಟು ಕೊಡಬೇಕು ಎಂದು ಕೇಳಿದೆ. ದಿನಕ್ಕೆ ಎರಡು ಪೌಚು, ಒಂದೇ ಸಲ ಅಲ್ಲ, ಐದು ಸಲ ಎಂದರು. ನೂರ ಎಪ್ಪತ್ತು ಗ್ರಾಮನ್ನು ಐದರಿಂದ ಭಾಗಿಸಿದರೆ ಮೂವತ್ತನಾಲ್ಕು. ಆ ಸಂಖ್ಯೆ ಸಿಕ್ಕಿದಾಗ ನನಗೆ ಸ್ವಲ್ಪ ಸಮಾಧಾನವಾದದ್ದು ನೆನಪಿದೆ. ಭಾಗಾಕಾರದಲ್ಲಿ ಶೇಷ ಉಳಿಯದಿದ್ದರೆ ಏನೋ ಕೈಯಲ್ಲಿದೆ ಅನಿಸುತ್ತದೆ.

ಕುಮಟೆಯ ಅಂಗಡಿಯಲ್ಲಿದ್ದವೆಲ್ಲ ಮೀನಿನ ಪೌಚುಗಳು. ಒಂದೊಂದನ್ನೂ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ನೀರು ಎಷ್ಟು, ಪ್ರೋಟೀನು ಎಷ್ಟು, ಬೂದಿ ಎಷ್ಟು ಎಂದಿತ್ತು. ನನಗೆ ಬೇಕಾಗಿದ್ದುದು, ಕೆಟ್ಟ ಕಿಡ್ನಿ ಹೊರಹಾಕಲಾರದ ರಂಜಕ ಎಷ್ಟು ಎಂಬುದು. ಅದೊಂದನ್ನು ಯಾರೂ ಬರೆದಿರಲಿಲ್ಲ. ಭಟ್ಕಳಕ್ಕೆ ಹೋಗಿ ನೋಡಿ ಎಂದರು ಅಂಗಡಿಯವರು. ಅಲ್ಲಿ ಉದ್ದ ಕೂದಲಿನ ಬೆಕ್ಕು ಸಾಕುವ ಮನೆಗಳು ಬಹಳ. ಭಾನುವಾರ ಭಟ್ಕಳಕ್ಕೆ ಹೋದೆ. ಜಾಲಿಯ ಕಡೆ ಹೋಗುವ ರಸ್ತೆಯಲ್ಲಿದ್ದ ಆ ಅಂಗಡಿಯಲ್ಲಿ ಗಡ್ಡ ಪೂರ್ತಿ ಬೆಳ್ಳಗಾದ ಹಿರಿಯರೊಬ್ಬರು ಕೂತಿದ್ದರು.

‘ಪರ್ಶಿಯನ್ನಾ?’ ಕೇಳಿದರು.

‘ಅಲ್ಲ, ಊರ ಬೆಕ್ಕು.’

‘ಊರ ಬೆಕ್ಕಿಗೆ ಕಿಡ್ನಿ ಫುಡ್ಡು! ನಸೀಬು ನೋಡಿ ಅದರದ್ದು. ಇಷ್ಟು ದಿನ ಎಂತ ತಿಂತಿತ್ತು?’

‘ಮೀನು.’

‘ಹಾಂ. ಹಾಗಾದ್ರೆ ಇದನ್ನ ತಿನ್ನೂದಿಲ್ಲ ಮೇಡಂ. ಬಂಗಡೆ ತಿಂದವರಿಗೆ ಇದು ಆಸ್ಪತ್ರೆ ಗಂಜಿ.’ ಹೇಳುತ್ತಲೇ ಒಳಗಿನಿಂದ ಎರಡು ಬಗೆ ತಂದಿಟ್ಟರು: ಒಂದು ಗ್ರೇವಿಯಲ್ಲಿ ತುಂಡುಗಳಿರುವುದು, ಇನ್ನೊಂದು ಚಟ್ನಿಯ ಹಾಗೆ ನುಣ್ಣಗೆ ಅರೆದದ್ದು. ‘ಎರಡೆರಡು ಒಯ್ಯಿರಿ. ಯಾವುದು ತಿಂದ್ರೆ ಅದನ್ನ ಫೋನಿನಲ್ಲಿ ಹೇಳಿ, ಬಸ್ಸಿಗೆ ಹಾಕಿ ಕಳಿಸ್ತೇನೆ.’

ಬೆಕ್ಕು ಎರಡನ್ನೂ ತಿನ್ನಲಿಲ್ಲ. ಗ್ರೇವಿಯನ್ನು ನೆಕ್ಕಿ ತುಂಡುಗಳನ್ನು ಬಿಟ್ಟಿತು. ಅರೆದದ್ದನ್ನು ಮೂಸಿ, ನೆಲ ಕೆರೆದು, ಹೇಸಿಗೆ ಮುಚ್ಚುವ ಹಾಗೆ ಮಾಡಿ ಹೋಯಿತು. ನಾನು ತುಂಡುಗಳನ್ನು ಫೋರ್ಕಿನಿಂದ ಹಿಸುಕಿ ಗ್ರೇವಿಯೊಂದಿಗೆ ಕಲಸಿದೆ. ಫ್ರಿಜ್ಜಿನಿಂದ ತೆಗೆದ ಪಾಲನ್ನು ಬಿಸಿನೀರಿನಲ್ಲಿ ಬಟ್ಟಲು ಇಟ್ಟು ಬೆಚ್ಚಗೆ ಮಾಡಿದೆ. ಐದು ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ಮೂವತ್ತನಾಲ್ಕು ಗ್ರಾಂ ತೂಗಿ ತುಂಬಿ, ಮೇಲೆ ಹೊತ್ತು ಬರೆದು ಅಂಟಿಸಿದೆ. ಕರೆಂಟು ಹೋಗಿ ನಾಲ್ಕು ತಾಸು ಬಾರದಿದ್ದರೆ ಆ ದಿನದ್ದನ್ನು ಚೆಲ್ಲಿ ಹೊಸ ಪೌಚು ಒಡೆಯುತ್ತಿದ್ದೆ. ಎಷ್ಟು ಹಾಕಿದೆ, ಎಷ್ಟು ಉಳಿಯಿತು, ತೂಕ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಅಮ್ಮ ಇದನ್ನೆಲ್ಲ ಒಲೆಯ ಪಕ್ಕದಿಂದ ನೋಡುತ್ತಿದ್ದಳು. ‘ಬಂಗಾರ ತೂಗ್ದಂಗೆ ತೂಗ್ತದ್ಯಲೆ’ ಎಂದು ಬೆಕ್ಕಿಗೆ ಹೇಳುತ್ತಿದ್ದಳು. ‘ಎಮ್ಮೆಸ್ಸಿ ಮಾಡಿದ್ದು ನಿನ್ ಅನ್ನ ಅಳಿಯೂಕೆ ಕಾಣ್ತದೆ.’ ಒಮ್ಮೆ ಮಾತ್ರ ನೇರವಾಗಿ ನನ್ನನ್ನು ಕೇಳಿದಳು: ‘ಮೀನು ಮಾರೂರ ಮನೆ ಬೆಕ್ಕು ಹಸ್ಕಂಡಿ ಸತ್ರೆ ನಾಕು ಜನ ಎಂತ ಹೇಳೂದಿಲ್ಲ?’ ರೋಗದಿಂದ ಸತ್ತರೆ ಏನೂ ಹೇಳುವುದಿಲ್ಲವೇ ಎಂದು ನಾನು ಕೇಳಲಿಲ್ಲ. ವೈದ್ಯರು ಹೇಳಿದ್ದನ್ನು ಮತ್ತೊಮ್ಮೆ ಹೇಳಿದೆ, ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ. ‘ಆತು’ ಎಂದಳು.

ಒಂಬತ್ತನೆಯ ದಿನ ಸಂಜೆ ಬಂದಾಗ ಬೆಳಿಗ್ಗೆ ಇಟ್ಟು ಹೋಗಿದ್ದ ಎರಡೂ ಪಾಲು ಖಾಲಿ. ಬಟ್ಟಲು ಹೊಳೆಯುವಷ್ಟು ನೆಕ್ಕಿತ್ತು. ಹತ್ತನೆಯ ದಿನವೂ ಹಾಗೆಯೇ. ನಾನು ಮನೆಯಲ್ಲಿದ್ದಾಗ ಹಾಕಿದ್ದನ್ನು ಅರ್ಧ ಬಿಡುತ್ತಿತ್ತು. ಇಟ್ಟು ಹೋದದ್ದನ್ನು ನಾನಿಲ್ಲದಾಗ ಪೂರ್ತಿ ತಿನ್ನುತ್ತಿತ್ತು. ನಾನು ಎದುರು ಕೂತು ನೋಡುವುದು ಅದಕ್ಕೆ ಹಿಡಿಸುವುದಿಲ್ಲ ಎಂದುಕೊಂಡೆ. ಉಣ್ಣುವಾಗ ಯಾರಾದರೂ ನೋಡುತ್ತ ಕೂತರೆ ನನಗೂ ಹಿಡಿಸುವುದಿಲ್ಲವಲ್ಲ. ಹಾಗಾಗಿ ನಾನಿರುವಾಗ ಹಾಕುವುದನ್ನು ಕಡಿಮೆ ಮಾಡಿ, ಹಗಲಿನ ಪಾಲನ್ನು ಹೆಚ್ಚಿಸಿದೆ. ತೂಕ ಮೂರು ಕಿಲೋದಿಂದ ಮೂರು ಕಿಲೋ ನೂರಕ್ಕೆ ಬಂತು. ಭಟ್ಕಳಕ್ಕೆ ಫೋನ್ ಮಾಡಿ ಗ್ರೇವಿಯದ್ದೇ ಎರಡು ಡಜನ್ ಕಳಿಸಿ ಎಂದೆ. ‘ತಿಂತಾ!’ ಎಂದರು ಅವರು, ನಂಬದ ಹಾಗೆ. ‘ತಿಂತದೆ’ ಎಂದೆ. ಆ ಎರಡು ವಾರ ನಾನು ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ, ಕಾರಣವಿಲ್ಲದೆ, ಇನ್ನೊಂದು ವರ್ಷ ಎಂದು ಲೆಕ್ಕ ಹಾಕುತ್ತಿದ್ದೆ.

ಜುಲೈಯ ಒಂದು ದಿನ ಬಸ್ಸು ಕುಮಟೆ ತಲುಪುವ ಹೊತ್ತಿಗೆ ರೆಡ್ ಅಲರ್ಟ್, ಕಾಲೇಜುಗಳಿಗೆ ರಜೆ ಎಂಬ ಸಂದೇಶ ಬಂತು. ಬಸ್ ಸ್ಟ್ಯಾಂಡಿನಿಂದಲೇ ಹಿಂದಿರುಗಿದೆ. ಮನೆಯ ಬಾಗಿಲಲ್ಲಿ ಛತ್ರಿ ಮಡಚುವಾಗ ಒಳಗಿನಿಂದ ಅಮ್ಮನ ಧ್ವನಿ ಕೇಳಿತು.

‘ಲಗೂ ಲಗೂ ತಿನ್ನು. ಮಾಸ್ತರಮ್ಮ ಬರೂದ್ರೊಳಗೆ ಬಟ್ಲು ಚೊಕ್ಕ ಆಗ್ಬೇಕು.’

ಅಮ್ಮ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಎದುರಿಗೆ ಬೆಕ್ಕು ತಲೆ ಬಗ್ಗಿಸಿ ತಿನ್ನುತ್ತಿತ್ತು, ಹಿಂದಿನ ಹಾಗೆ, ಗಂಟಲಲ್ಲಿ ಸದ್ದು ಮಾಡುತ್ತ. ಅಮ್ಮನ ಎಡಗೈಯಲ್ಲಿ ಒಣ ಬಂಗಡೆಯ ಅರ್ಧ ಭಾಗ. ನೆನೆದು ಬಣ್ಣ ಬಿಟ್ಟಿತ್ತು. ಅದನ್ನು ಚಿವುಟಿ ಚಿವುಟಿ ನನ್ನ ಮೂವತ್ತನಾಲ್ಕು ಗ್ರಾಮಿನ ಮೇಲೆ ಉದುರಿಸುತ್ತಿದ್ದಳು.

‘ಎಂತ ಅದು?’ ಕೇಳಿದೆ. ಕಾಣುತ್ತಿದ್ದರೂ ಕೇಳಿದೆ.

‘ಎಂತ ಇಲ್ಲ. ಚೂರು ಬಂಗಡೆ.’

‘ಒಣದ್ದಾ?’

‘ಮತ್ತೆ ಈ ಮಳಿಯಾಗೆ ಹಸಿದು ಎಲ್ಲಿಂದ ತರೂದು? ಮೂರು ನೀರಾಗೆ ನೆನ್ಸಿ ತೆಗ್ದದ್ದು. ಚೂರೂ ಉಪ್ಪಿಲ್ಲ. ಬೇಕಾರೆ ನಾಲ್ಗಿಗೆ ಹಚ್ಕಂಡಿ ನೋಡು.’

‘ಎಷ್ಟು ದಿನದಿಂದ?’

ಅಮ್ಮ ಕೈ ತೊಳೆದುಕೊಂಡಳು. ‘ನೀ ಬರ್ದಿಡ್ತೆ ಅಲ? ಯಾವತ್ತಿಂದ ತಿಂತದೆ ಹೇಳಿ ಬರ್ದಿದ್ಯೋ, ಆವತ್ತಿಂದ.’

ನಮ್ಮ ಕಡೆ ಸಾರಿಗೆ ಹಾಕುವ ಒಣಮೀನನ್ನು ಮೂರು ಸಲ ನೀರು ಬದಲಿಸಿ ನೆನೆಸುತ್ತಾರೆ. ನೆನೆಸಿದರೆ ಉಪ್ಪು ಹೋಗುತ್ತದೆ, ಉಪ್ಪು ಹೋದ ಮೇಲೆ ಅದು ಹಸಿಮೀನೇ ಎಂಬುದು ಅಮ್ಮನ ಕೈಗೆ ಗೊತ್ತಿರುವ ಸಂಗತಿ. ನಾಲಿಗೆಗೆ ಹತ್ತುವ ಉಪ್ಪು ಹೋಗುತ್ತದೆ, ಅದು ನಿಜ. ಪೂರ್ತಿ ಹೋಗುವುದಿಲ್ಲ. ಮೂಳೆಯಲ್ಲಿರುವ ರಂಜಕ ಯಾವ ನೀರಿಗೂ ಬಿಡುವುದಿಲ್ಲ. ಇದನ್ನು ನಾನು ಮೊದಲೇ ಅವಳಿಗೆ ಬಿಡಿಸಿ ಹೇಳಬಹುದಿತ್ತು. ‘ಮೀನು ಬೇಡ’ ಎಂದಷ್ಟೇ ಹೇಳಿದ್ದೆ, ಪ್ರಯೋಗಾಲಯದ ಗೋಡೆಗೆ ಅಂಟಿಸುವ ಸೂಚನೆಯ ಹಾಗೆ.

ಇನ್ನೊಂದು ಸಂಗತಿಯನ್ನೂ ಬರೆಯಬೇಕು. ಎರಡು ವಾರ ಆ ಬಟ್ಟಲನ್ನು ತೊಳೆದವಳು ನಾನು. ಒಣ ಬಂಗಡೆಯ ವಾಸನೆ ಎಂಥದ್ದೆಂದು ಎಲ್ಲರಿಗೂ ಗೊತ್ತು. ಆದರೆ ಮಳೆಗಾಲದಲ್ಲಿ ನಮ್ಮ ಮನೆಯ ಅಟ್ಟದಿಂದ ಹಿಡಿದು ನನ್ನ ಚೂಡಿದಾರದವರೆಗೆ ಅದೇ ವಾಸನೆ. ಧಾರವಾಡದ ಹಾಸ್ಟೆಲಿನಲ್ಲಿ ಮೊದಲ ವರ್ಷ ಯಾರೋ ನನ್ನ ಪೆಟ್ಟಿಗೆಯ ಹತ್ತಿರ ಮೂಗು ಹಿಡಿದಿದ್ದರು. ಆಮೇಲೆ ನಾನು ಆ ವಾಸನೆಯನ್ನು ಗಮನಿಸದಿರುವುದನ್ನು ಕಲಿತೆ. ಚೆನ್ನಾಗಿಯೇ ಕಲಿತಿದ್ದೆ.

ಆ ವಾರವೇ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. ಕಿಡ್ನಿಯ ಸ್ಥಿತಿ ಹೇಳುವ ಎರಡು ಅಂಕಿಗಳು ಜೂನಿನದ್ದಕ್ಕಿಂತ ಬಹಳ ಮೇಲೆ ಹೋಗಿದ್ದವು. ಮೀನಿನಿಂದಲೇ ಆದದ್ದೇ ಎಂದು ಕೇಳಿದೆ. ವೈದ್ಯರು ಹೇಳಲು ಬರುವುದಿಲ್ಲ ಎಂದರು. ಕೊಡದಿದ್ದರೂ ಹೀಗೇ ಆಗಬಹುದಿತ್ತು, ತಿನ್ನದೇ ಇದ್ದಿದ್ದರೆ ಇನ್ನೂ ಬೇಗ ಆಗಬಹುದಿತ್ತು. ‘ಇನ್ನು ತೂಗಿ ಅಳೆದು ಪ್ರಯೋಜನ ಇಲ್ಲ. ಎಂತ ತಿಂತದೋ ಅದು ಕೊಡಿ. ಬಹಳ ದಿನ ಇಲ್ಲ.’ ಬೆಕ್ಕಿನ ತಲೆಯ ಮೇಲೆ ಕೈಯಿಟ್ಟು ಹೇಳಿದರು, ಅದಕ್ಕೇ ಹೇಳುವ ಹಾಗೆ.

ಮನೆಗೆ ಬಂದಾಗ ಅಮ್ಮ ಬುಟ್ಟಿಯನ್ನು ಇಳಿಸಿಕೊಳ್ಳಲು ಎದ್ದು ಬರಲಿಲ್ಲ. ಕೂತಲ್ಲಿಂದಲೇ ಕೇಳಿದಳು: ‘ನಾ ಹಾಕಿದ್ದಕ್ಕೇ ಆತಾ?’

ಅಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ‘ಗೊತ್ತಿಲ್ಲ’ ಎಂದೆ. ನಿಖರವಾದ ಉತ್ತರ ಅದೇ ಆಗಿತ್ತು.

ಅಮ್ಮ ಆಮೇಲೆ ಬಟ್ಟಲಿನ ಹತ್ತಿರ ಹೋಗಲಿಲ್ಲ. ಬೆಕ್ಕಿನೊಂದಿಗೆ ಮಾತನ್ನೂ ಬಿಟ್ಟಳು. ಅದು ಅವಳ ಸೀರೆಗೆ ತಲೆ ತಿಕ್ಕಿದರೆ ಕಾಲು ಹಿಂದೆಗೆದುಕೊಳ್ಳುತ್ತಿದ್ದಳು. ಬೆಕ್ಕು ಎರಡು ದಿನ ಏನೂ ತಿನ್ನಲಿಲ್ಲ. ಬೆಳಿಗ್ಗೆ ಹಾಕಿದ್ದು ಸಂಜೆ ಹಾಗೆಯೇ, ಅಂಚು ಒಣಗಿ, ಬಟ್ಟಲಲ್ಲಿ ಇರುತ್ತಿತ್ತು. ಎರಡನೆಯ ಸಂಜೆ ನಾನೇ ಹೇಳಿದೆ: ‘ಏನು ಬೇಕಾದ್ರೂ ಕೊಡಿ ಅಂದಿದಾರೆ ಡಾಕ್ಟ್ರು. ಬಂಗಡೆಯಾದ್ರೂ ಹಾಕು.’

‘ನಾ ಮುಟ್ಟೂದಿಲ್ಲ ಮಾರಾಯ್ತಿ’ ಎಂದಳು ಅಮ್ಮ. ‘ಮೊದ್ಲು ಬೇಡ ಹೇಳೂದು, ಈಗ ಹಾಕು ಹೇಳೂದು. ನಾಳಿಗೆ ಅದು ಸತ್ರೆ ನನ್ ಕೈಯಾಗೆ ಸತ್ತಂಗೆ ಆಗೂದು ಬೇಡ. ನೀನೇ ಎಂತ ಬೇಕಾರೂ ಮಾಡು.’

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ನಾನು ಹೊಳೆಯ ದಂಡೆಗೆ ಹೋದೆ. ಬೋಟು ನಿಂತ ದಿನಗಳಲ್ಲಿ ಅಲ್ಲಿ ಬೀಸುಬಲೆ ಹಾಕುವವರೊಬ್ಬರು ಇರುತ್ತಾರೆ, ನಮ್ಮ ಮನೆಗೆ ಗುರುತಿನವರು. ನನ್ನನ್ನು ಕಂಡು ಬಲೆ ಕೊಡವುವುದನ್ನು ನಿಲ್ಲಿಸಿದರು.

‘ಎಂತದೆ ತಂಗಿ, ಮಾರೂರ ಮನಿಗೇ ನಾ ಮಾರೂದಾ?’

‘ಬೆಕ್ಕಿಗೆ’ ಎಂದೆ.

‘ಬೆಕ್ಕಿಗಾ! ಹಂಗಾರೆ ಆರ್ಸಿ ತಕ. ಮನ್ಷರಾದ್ರೆ ಸಿಕ್ಕಿದ್ದು ತಿಂತರು.’

ಬೆರಳುದ್ದದ ಆರು ಹೊಳೆಮೀನು ಆರಿಸಿದೆ. ಅವರು ದುಡ್ಡು ಬೇಡವೆಂದರು. ಮನೆಗೆ ತಂದು ಉಪ್ಪು ಹಾಕದೆ ಬೇಯಿಸಿ, ಒಂದನ್ನು ಬಿಡಿಸಿ ಮುಳ್ಳು ತೆಗೆದೆ. ಮೀನು ಬಿಡಿಸುವುದು ನನಗೆ ಸರಿಯಾಗಿ ಬರುವುದಿಲ್ಲ. ಬೆರಳಿಗೆ ಎರಡು ಸಲ ಚುಚ್ಚಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬೆಕ್ಕು ಮಂಚದ ಕೆಳಗಿನಿಂದ ನಿಧಾನವಾಗಿ ಬಂತು. ಮೂಸಿತು. ಎರಡು ಚೂರು ತಿಂದಿತು. ಮೂರನೆಯದನ್ನು ಬಾಯಲ್ಲಿ ಹಿಡಿದು, ಬಿಟ್ಟು, ಬಟ್ಟಲಿನ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿತು. ನಾನು ಸ್ವಲ್ಪ ಹೊತ್ತು ಕಾದೆ. ಆಮೇಲೆ ಉಳಿದ ಐದು ಮೀನನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಕೈ ತೊಳೆದು, ಕುಮಟೆಯ ಬಸ್ಸಿಗೆ ಹೊರಟೆ. ಸಂಜೆಗೆ ಅಷ್ಟೆಲ್ಲ ಬೇಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು.